ಕಾಸರಗೋಡಿನ ಒಂದು ಗುಜರಿ ಅಂಗಡಿ: ಕೊಲಾಜ್ ಮಾಡುವವರ ಕಣ್ಣಿನಿಂದ

ಕಾಸರಗೋಡಿನ ರೈಲು ನಿಲ್ದಾಣದಿಂದ ಹಳೆಯ ಪೇಟೆಯತ್ತ ಬರುವ ದಾರಿಯಲ್ಲಿ, ಎರಡು ಕಟ್ಟಡಗಳ ನಡುವಿನ ಓಣಿಯೊಳಗೆ, ಹೆಂಚಿನ ಮಾಡಿನ ಒಂದು ಗುಜರಿ ಅಂಗಡಿ ಇದೆ. ಅದಕ್ಕೆ ನಾಮಫಲಕವಿಲ್ಲ, ಬಾಗಿಲ ಬಳಿ ಇಟ್ಟಿರುವ ದೊಡ್ಡ ತಕ್ಕಡಿಯೇ ಗುರುತು. ಕಬ್ಬಿಣ, ಬಾಟಲಿ, ಹಳೆಯ ಬ್ಯಾಟರಿಗಳ ವ್ಯಾಪಾರವೂ ಅಲ್ಲಿ ನಡೆಯುತ್ತದೆ. ನಾನು ಬರೆಯಹೊರಟಿರುವುದು ಬಲಬದಿಯ ಕಾಗದದ ಕೋಣೆಯ ಬಗ್ಗೆ ಮಾತ್ರ. ಕಾಗದದ ಚೂರುಗಳನ್ನು ಅಂಟಿಸಿ ಅಮೂರ್ತ ಕೊಲಾಜ್ ಚಿತ್ರಗಳನ್ನು ರಚಿಸುವುದು ಆರು ವರ್ಷಗಳಿಂದ ನನ್ನ ಬಿಡುವಿನ ವೇಳೆಯ ಕೆಲಸವಾಗಿದೆ, ಮತ್ತು ಅದಕ್ಕೆ ಬೇಕಾದ ಸಾಮಗ್ರಿಯ ಬಹುಪಾಲನ್ನು ಈಗ ನಾನು ಈ ಕೋಣೆಯಿಂದಲೇ ತರುತ್ತಿದ್ದೇನೆ.

ಮೊದಲ ಎರಡು ವರ್ಷ ನಾನು ಮಂಗಳೂರಿನಿಂದ ಬಣ್ಣದ ಹಾಳೆಗಳನ್ನು ಕೊಂಡು ತರುತ್ತಿದ್ದೆ. ಆ ಹಾಳೆಗಳಿಂದ ಮಾಡಿದ ಚಿತ್ರಗಳು ಅಚ್ಚುಕಟ್ಟಾಗಿಯೇ ಇದ್ದವು. ಆದರೆ ಹೊಸ ಕಾಗದದ ಕೆಂಪು ಎಲ್ಲೆಡೆಯೂ ಒಂದೇ ಕೆಂಪು. ಬಿಸಿಲಿಗೆ ಅರ್ಧ ಮಾಸಿದ, ಮಡಿಕೆಯ ಗೆರೆಯಲ್ಲಿ ಮಾತ್ರ ಬಿಳಿಚಿದ, ಎಣ್ಣೆ ತಾಗಿ ಪಾರದರ್ಶಕವಾದ ಕೆಂಪನ್ನು ಯಾವ ಕಾರ್ಖಾನೆಯೂ ತಯಾರಿಸಿ ಮಾರುವುದಿಲ್ಲ. ಒಮ್ಮೆ ಮನೆಯ ಹಳೆಯ ಪತ್ರಿಕೆಗಳನ್ನು ಮಾರಲು ಈ ಅಂಗಡಿಗೆ ಹೋದಾಗ, ಮೂಲೆಯಲ್ಲಿ ರಾಶಿಬಿದ್ದಿದ್ದ ಗೋಡೆ ಭಿತ್ತಿಪತ್ರಗಳ ಒಂದು ದಪ್ಪ ಪದರವನ್ನು ಕಂಡೆ. ಒಂದರ ಮೇಲೊಂದು ಅಂಟಿಸಿ, ಮಳೆ ಬಿಸಿಲುಗಳಲ್ಲಿ ನೆನೆದು ಒಣಗಿ, ಕೊನೆಗೆ ಗೋಡೆಯಿಂದ ಇಡಿಯಾಗಿ ಕಳಚಿ ಬಂದಿದ್ದ ಆ ಪದರದ ಅಂಚಿನಲ್ಲಿ ಏಳೆಂಟು ಬಣ್ಣಗಳು ಬಂಡೆಯ ಸ್ತರಗಳಂತೆ ಕಾಣುತ್ತಿದ್ದವು. ಅದನ್ನು ಮನೆಗೆ ತಂದು ಒಂದೊಂದೇ ಪದರವನ್ನು ಹರಿಯುತ್ತ ಹೋದದ್ದೇ ನನ್ನ ಈಗಿನ ಕೆಲಸದ ಆರಂಭ. ಪ್ಯಾರಿಸಿನಲ್ಲಿ ರೇಮಂಡ್ ಹೇನ್ಸ್ ಮತ್ತು ಜಾಕ್ ವಿಲ್ಲೆಗ್ಲೆ ಎಂಬ ಕಲಾವಿದರು 1949ರಲ್ಲಿಯೇ ಬೀದಿಯ ಹರಿದ ಭಿತ್ತಿಪತ್ರಗಳನ್ನು ಕಿತ್ತು ತಂದು ಅವುಗಳನ್ನೇ ಕಲಾಕೃತಿಗಳಾಗಿಸತೊಡಗಿದ್ದರು ಎಂಬುದನ್ನು ನಾನು ಓದಿ ತಿಳಿದದ್ದು ಆ ಬಳಿಕ.

ಈ ಅಂಗಡಿಯಲ್ಲಿ ನನಗೆ ದೊರೆತ ಅತ್ಯಂತ ಬೆಲೆಯುಳ್ಳ ವಸ್ತು ಯಾವುದೆಂದು ಕೇಳಿದರೆ, ಅಲ್ಲಿ ಕಾಗದವನ್ನು ವಿಂಗಡಿಸುವ ಕ್ರಮ ಎಂದು ಹೇಳುತ್ತೇನೆ. ಪತ್ರಿಕೆಗಳದ್ದು ಒಂದು ರಾಶಿ, ರಟ್ಟಿನದ್ದು ಒಂದು, ಕಚೇರಿ ಮತ್ತು ಶಾಲೆಗಳ ಬಿಳಿ ಹಾಳೆಗಳದ್ದು ಒಂದು, ಹೊಳಪಿನ ಬಣ್ಣದ ಹಾಳೆಗಳದ್ದು ಒಂದು. ಇವುಗಳಲ್ಲಿ ಯಾವುದಕ್ಕೂ ಸೇರದ್ದೆಲ್ಲ ಕಿಟಕಿಯ ಕೆಳಗಿನ ಮಿಶ್ರ ರಾಶಿಗೆ. ವಿಂಗಡಿಸುವ ಹಿರಿಯರು ಹಾಳೆಯಲ್ಲಿ ಏನು ಬರೆದಿದೆ, ಯಾರ ಚಿತ್ರವಿದೆ ಎಂಬುದನ್ನು ನೋಡುವುದೇ ಇಲ್ಲ. ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಾಳೆಯ ಮೂಲೆಯನ್ನು ಒಮ್ಮೆ ಉಜ್ಜುತ್ತಾರೆ, ಕೆಲವೊಮ್ಮೆ ಅರ್ಧ ಇಂಚಿನಷ್ಟು ಹರಿದು ನೋಡುತ್ತಾರೆ, ಸರಿಯಾದ ರಾಶಿಗೆ ಎಸೆಯುತ್ತಾರೆ. ಇದಕ್ಕೆ ಈ ಕಾಗದವನ್ನು ಕೊಂಡು ಮತ್ತೆ ತಿರುಳು ಮಾಡುವ ಗಿರಣಿಯ ಲೆಕ್ಕವಿದೆ. ಪತ್ರಿಕೆಯ ಕಾಗದವನ್ನು ಮರವನ್ನು ಅರೆದು ಮಾಡಿದ ತಿರುಳಿನಿಂದ ತಯಾರಿಸುತ್ತಾರೆ, ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಶ ಅದರಲ್ಲಿ ಹಾಗೆಯೇ ಉಳಿದಿರುತ್ತದೆ. ಬರೆಯುವ ಬಿಳಿ ಹಾಳೆಯ ತಿರುಳನ್ನು ರಾಸಾಯನಿಕಗಳಲ್ಲಿ ಬೇಯಿಸಿ ಲಿಗ್ನಿನ್ ತೆಗೆದಿರುತ್ತಾರೆ. ಕಂದು ರಟ್ಟಿನ ನಾರು ಉದ್ದವಾಗಿದ್ದು ಗಟ್ಟಿಯಾಗಿರುತ್ತದೆ. ಆದುದರಿಂದ ಒಂದೊಂದಕ್ಕೂ ಒಂದೊಂದು ಬೆಲೆ. ಆದರೆ ನನ್ನ ಮಟ್ಟಿಗೆ ಆ ಬೆರಳುಗಳು ಮಾಡುತ್ತಿದ್ದದ್ದು ಅಮೂರ್ತ ಚಿತ್ರ ರಚಿಸುವವನು ಕಲಿಯಲೇಬೇಕಾದ ಮೊದಲ ಪಾಠವಾಗಿತ್ತು. ಕಾಗದ ಏನು ಹೇಳುತ್ತದೆ ಎಂಬುದನ್ನು ಪಕ್ಕಕ್ಕಿಟ್ಟು ಅದು ಎಷ್ಟು ದಪ್ಪ, ಎಷ್ಟು ಹೊಳಪು, ಹರಿದರೆ ಅಂಚು ಹೇಗೆ ಬರುತ್ತದೆ ಎಂದು ನೋಡುವ ಆ ಅಭ್ಯಾಸ ನನಗೆ ಯಾವ ತರಗತಿಯಲ್ಲಿಯೂ ಸಿಕ್ಕಿರಲಿಲ್ಲ. ಮೂರು ನಾಲ್ಕು ಭಾನುವಾರ ಅವರ ಪಕ್ಕದಲ್ಲಿ ಕುಳಿತು ನಾನೂ ವಿಂಗಡಿಸಿದೆ. ಅದಾದ ಮೇಲೆ ನನ್ನ ಚಿತ್ರಗಳಲ್ಲಿ ಬಣ್ಣಗಳ ಗದ್ದಲ ಕಡಿಮೆಯಾಗಿ ಮೇಲ್ಮೈಗಳ ವ್ಯತ್ಯಾಸಕ್ಕೆ ಜಾಗ ಸಿಕ್ಕಿತು.

ಮಿಶ್ರ ರಾಶಿಯೇ ಕೊಲಾಜ್ ಮಾಡುವವರ ಗಣಿ. ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಗಳು, ಯಕ್ಷಗಾನ ಬಯಲಾಟದ ಗುಲಾಬಿ ಹಳದಿ ಕರಪತ್ರಗಳು, ಜವಳಿ ಅಂಗಡಿಯ ಚೀಟಿಗಳು, ಕಾರ್ಬನ್ ಹಾಳೆಗಳು, ಪಂಚಾಂಗದ ಕ್ಯಾಲೆಂಡರುಗಳು, ಗಲ್ಫಿನಿಂದ ಬಂದ ಪೆಟ್ಟಿಗೆಗಳ ಮೇಲಿನ ಅರಬಿ ಲಿಪಿಯ ಲೇಬಲ್ಲುಗಳು ಎಲ್ಲವೂ ಅಲ್ಲಿ ಒಟ್ಟಿಗೆ ಬಿದ್ದಿರುತ್ತವೆ. ಇವೆಲ್ಲಕ್ಕಿಂತ ಹೆಚ್ಚಾಗಿ ಅಲ್ಲಿರುವುದು ಲಾಟರಿ ಚೀಟಿಗಳು. ಕೇರಳ ಸರಕಾರ 1967ರಲ್ಲಿ ಲಾಟರಿ ಇಲಾಖೆಯನ್ನು ಸ್ಥಾಪಿಸಿತು. 1968ರ ಜನವರಿ 26ರಂದು ನಡೆದ ಮೊದಲ ಡ್ರಾದ ಚೀಟಿಗೆ 1 ರೂಪಾಯಿ ಬೆಲೆ, ಮೊದಲ ಬಹುಮಾನ 50,000 ರೂಪಾಯಿ. ಈಗ ದಿನಕ್ಕೊಂದು ಡ್ರಾ ಇರುವುದರಿಂದ, ಫಲಿತಾಂಶ ಬಂದ ಗಳಿಗೆಯಲ್ಲಿ ಸಾವಿರಾರು ಚೀಟಿಗಳು ಒಮ್ಮೆಲೇ ಬೆಲೆ ಕಳೆದುಕೊಳ್ಳುತ್ತವೆ, ಮತ್ತು ಬಸ್ ನಿಲ್ದಾಣದ ಸುತ್ತಲಿನ ನೆಲವೆಲ್ಲ ಅವುಗಳಿಂದ ತುಂಬುತ್ತದೆ. ನಕಲು ಮಾಡಲಾಗದಂತೆ ಮುದ್ರಿಸಿದ ಅವುಗಳ ಸೂಕ್ಷ್ಮ ಅಲೆಗೆರೆಗಳು ಹತ್ತಿರದಿಂದ ನೋಡಿದರೆ ನೇಯ್ಗೆಯಂತೆಯೂ, ದೂರದಿಂದ ನೋಡಿದರೆ ಒಂದೇ ತೆಳು ಬಣ್ಣದಂತೆಯೂ ಕಾಣುತ್ತವೆ. ಅಂಕೆಗಳಿರುವ ಭಾಗವನ್ನು ಹರಿದು ತೆಗೆದು, ಅಲೆಗೆರೆಗಳ ಭಾಗಗಳನ್ನು ಮಾತ್ರ ನೂರಾರು ಸಂಖ್ಯೆಯಲ್ಲಿ ಜೋಡಿಸಿ ನಾನು ಮಾಡಿದ ಎರಡಡಿ ಅಗಲದ ಚಿತ್ರ ಚಂದ್ರಗಿರಿ ಹೊಳೆಯ ಸಂಜೆಯ ನೀರಿನಂತಿದೆ ಎಂದು ನೋಡಿದವರು ಹೇಳಿದರು. ನಾನು ಹೊಳೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ.

ಕುರ್ಟ್ ಶ್ವಿಟರ್ಸ್ ಎಂಬ ಜರ್ಮನ್ ಕಲಾವಿದ ಹ್ಯಾನೋವರ್ ನಗರದಲ್ಲಿ 1919ರಿಂದ ಟ್ರಾಮಿನ ಟಿಕೇಟು, ಮಿಠಾಯಿಯ ಹೊದಿಕೆ, ಜಾಹೀರಾತಿನ ಚೂರುಗಳನ್ನು ಆಯ್ದು ಇಂಥದೇ ಕೆಲಸ ಮಾಡಿದರು. ಒಂದು ಬ್ಯಾಂಕಿನ ಜಾಹೀರಾತನ್ನು ಹರಿದಾಗ 'ಕೊಮ್ಮೆರ್ಜ್' ಎಂಬ ಪದದಿಂದ ಉಳಿದ 'ಮೆರ್ಜ್' ಎಂಬ ತುಂಡನ್ನೇ ತಮ್ಮ ಇಡೀ ಕಲೆಗೆ ಹೆಸರಾಗಿ ಇಟ್ಟುಕೊಂಡರು. ಪದವೊಂದು ಅರ್ಥವನ್ನು ಕಳೆದುಕೊಂಡು ಆಕಾರವಾಗಿ ಉಳಿಯುವುದು ಅಲ್ಲಿ ಸುಲಭವಾಗಿ ನಡೆದಂತೆ ತೋರುತ್ತದೆ. ಕಾಸರಗೋಡಿನಲ್ಲಿ ಅದು ಅಷ್ಟು ಸುಲಭವಲ್ಲ. ಇಲ್ಲಿ ನಾವು ಕನ್ನಡ ಓದುತ್ತೇವೆ, ಮಲಯಾಳಂ ಓದುತ್ತೇವೆ, ಇಂಗ್ಲಿಷ್ ಓದುತ್ತೇವೆ. ಕಣ್ಣಿಗೆ ಬಿದ್ದ ಪ್ರತಿಯೊಂದು ತುಂಡೂ ಏನನ್ನೋ ಹೇಳತೊಡಗುತ್ತದೆ. ಕನ್ನಡದ ಅರ್ಧ ಹರಿದ ಸಾಲಿನಲ್ಲಿ ಒಂದು ತಲೆಕಟ್ಟು ಮತ್ತು ಒಂದು ಒತ್ತಕ್ಷರ ಉಳಿದಿದ್ದರೂ ಮನಸ್ಸು ಉಳಿದದ್ದನ್ನು ಪೂರ್ತಿಗೊಳಿಸಿಬಿಡುತ್ತದೆ. ತಲೆಕೆಳಗಾಗಿ ಅಂಟಿಸುವುದು, ಸಾಲಿಗೆ ಅಡ್ಡವಾಗಿ ಬೆರಳಗಲದ ಪಟ್ಟಿಗಳಾಗಿ ಹರಿಯುವುದು, ಎರಡು ಲಿಪಿಗಳನ್ನು ಒಂದರ ಮೇಲೊಂದು ತೆಳ್ಳಗೆ ಹಚ್ಚುವುದು ಇವು ನಾನು ಕಂಡುಕೊಂಡ ಉಪಾಯಗಳು. ಕಾಗದ ಕಾಲಿಗೆ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನಾದ್ದರಿಂದ ದೇವರ ಹೆಸರಿರುವ ಆಮಂತ್ರಣಗಳನ್ನು ಹರಿಯುವಾಗ ನನ್ನ ಕೈ ಇಂದಿಗೂ ತಡೆಯುತ್ತದೆ. ಆ ಭಾಗವನ್ನು ಕತ್ತರಿಯಿಂದ ಬೇರ್ಪಡಿಸಿ ಎತ್ತಿಟ್ಟು, ಅಂಚಿನ ಕುಂಕುಮ ಬಣ್ಣವನ್ನು ಮಾತ್ರ ಬಳಸುತ್ತೇನೆ.

ಅಂಗಡಿಯಲ್ಲಿಯೇ ಕಾಗದವನ್ನು ಪರೀಕ್ಷಿಸಲು ಅವರು ಅಡ್ಡಿಪಡಿಸುವುದಿಲ್ಲ, ಇದು ದೊಡ್ಡ ಅನುಕೂಲ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹರಿದರೆ ಒಂದು ಕಡೆ ಗೆರೆ ನೇರವಾಗಿಯೂ ಇನ್ನೊಂದು ಕಡೆ ಅಂಕುಡೊಂಕಾಗಿಯೂ ಬರುತ್ತದೆ. ನೇರವಾಗಿ ಬಂದದ್ದೇ ನಾರಿನ ದಿಕ್ಕು. ಅಂಟು ತಾಗಿದ ಕಾಗದ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತದೆ. ದೊಡ್ಡ ತುಂಡುಗಳನ್ನು ಮನಬಂದ ದಿಕ್ಕಿಗೆ ಅಂಟಿಸಿದರೆ ಸುಕ್ಕು ಬೀಳುವುದೂ, ಹಿಂದಿನ ರಟ್ಟು ಬಿಲ್ಲಿನಂತೆ ಬಾಗುವುದೂ ಇದರಿಂದಲೇ. ರಟ್ಟಿನ ಹಿಂಬದಿಗೂ ಅಷ್ಟೇ ದಪ್ಪದ ಒಂದು ಹಾಳೆಯನ್ನು ಅದೇ ದಿಕ್ಕಿನಲ್ಲಿ ಅಂಟಿಸಿದರೆ ಎರಡೂ ಬದಿಯ ಎಳೆತ ಸಮನಾಗುತ್ತದೆ. ಹೊಳಪಿನ ಹಾಳೆಯನ್ನು ಹರಿದಾಗ ಅಂಚಿನಲ್ಲಿ ಮೂಡುವ ಬಿಳಿ ಗೆರೆಯೂ ಗಮನಿಸಬೇಕಾದದ್ದು: ತನ್ನತ್ತ ಎಳೆದು ಹರಿದರೆ ಒಂದು ತುಂಡಿನ ಅಂಚು ಬೆಳ್ಳಗಾಗುತ್ತದೆ, ಆಚೆಗೆ ಎಳೆದರೆ ಇನ್ನೊಂದರದ್ದು. ಈ ಬಿಳಿ ಗೆರೆಯೇ ನನ್ನ ಚಿತ್ರಗಳಲ್ಲಿ ರೇಖೆಯ ಕೆಲಸ ಮಾಡುತ್ತದೆ, ಪೆನ್ಸಿಲ್ಲನ್ನು ನಾನು ಮುಟ್ಟುವುದಿಲ್ಲ.

ಪತ್ರಿಕೆಯ ಕಾಗದದ ಬಗ್ಗೆ ಮಾತ್ರ ಎಚ್ಚರ ಬೇಕು. ಲಿಗ್ನಿನ್ ಉಳಿದಿರುವುದರಿಂದ ಬೆಳಕು ಮತ್ತು ಗಾಳಿಗೆ ಅದು ಹಳದಿಯಾಗುತ್ತಲೇ ಹೋಗುತ್ತದೆ. ನಾನು ಅದನ್ನು ಬಳಸುವ ಮೊದಲು ಎರಡು ವಾರ ಟೆರೇಸಿನ ಬಿಸಿಲಿನಲ್ಲಿ ಹರಡಿ, ಆಗಬೇಕಾದ ಬದಲಾವಣೆಯ ದೊಡ್ಡ ಪಾಲು ಅಂಟಿಸುವ ಮೊದಲೇ ಆಗುವಂತೆ ನೋಡಿಕೊಳ್ಳುತ್ತೇನೆ.

ಇನ್ನು ಅಂಗಡಿಯ ಕೊರತೆಗಳು. ಮಳೆಗಾಲದಲ್ಲಿ ಆ ಕೋಣೆ ಸೋರುತ್ತದೆ. ಜೂನ್ ಮಧ್ಯದಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಸಿಗುವ ಕಾಗದವೆಲ್ಲ ತೇವ ಹೀರಿಕೊಂಡಿರುತ್ತದೆ, ರಾಶಿಯ ತಳದಲ್ಲಿ ಒರಲೆಯೂ ಇರುತ್ತದೆ. ಒಂದು ಆಟಿ ತಿಂಗಳಲ್ಲಿ (ತುಳುವರ ಲೆಕ್ಕದ ಜುಲೈ-ಆಗಸ್ಟ್) ಅಲ್ಲಿಂದ ತಂದ ಹಾಳೆಗಳನ್ನು ಸರಿಯಾಗಿ ಒಣಗಿಸದೆ ಮೈದಾ ಅಂಟಿನಲ್ಲಿ ಹಚ್ಚಿದ ಮೂರು ಚಿತ್ರಗಳು ಇಪ್ಪತ್ತೇ ದಿನಗಳಲ್ಲಿ ಬೂಸು ಹಿಡಿದು ಹೋದವು, ಅವುಗಳ ಪಕ್ಕದಲ್ಲಿಟ್ಟಿದ್ದ ಹಳೆಯ ಚಿತ್ರವೊಂದಕ್ಕೂ ಅದು ಹರಡಿತು. ಆ ನಷ್ಟ ನನ್ನನ್ನು ಬಹಳ ದಿನ ಕಾಡಿತು. ಭಿತ್ತಿಪತ್ರ ಹಚ್ಚುವವರು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಸೇರಿಸುವುದುಂಟು. ಅಡಿಕೆ ತೋಟದ ಕೊಳೆರೋಗಕ್ಕೆ ಮೈಲುತುತ್ತಿನಿಂದ ಬೋರ್ಡೋ ದ್ರಾವಣ ಮಾಡುವ ನಮ್ಮ ಮನೆಗಳಲ್ಲಿ ಅದು ಕೈಗೆಟಕುವಂತೆಯೇ ಇರುವುದರಿಂದ ನಾನೂ ಒಂದು ವರ್ಷ ಸೇರಿಸಿ ನೋಡಿದೆ. ಹುಳ ಬರಲಿಲ್ಲ, ಆದರೆ ಅದು ವಿಷ, ಮಾತ್ರವಲ್ಲದೆ ತಾಮ್ರದ ಅಂಶ ಕಾಲಕ್ರಮದಲ್ಲಿ ಕಾಗದದ ನಾರನ್ನೇ ಕೆಡಿಸುತ್ತದೆ. ಈಗ ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಅರೆಪಾರದರ್ಶಕವಾಗುವವರೆಗೆ ಕಾಯಿಸಿ, ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಮಾಡಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಅದನ್ನೂ ಬಿಟ್ಟು ಮರಗೆಲಸದ ಬಿಳಿ ಗೋಂದಿಗೆ ನೀರು ಬೆರೆಸಿ ಹಚ್ಚುತ್ತೇನೆ.

ಎರಡನೆಯ ಕೊರತೆ ಇದಕ್ಕಿಂತ ಗಂಭೀರವಾದದ್ದು. ಬಿಳಿ ಹಾಳೆಗಳ ರಾಶಿಯಲ್ಲಿ ಬೇರೆಯವರ ಗುರುತಿನ ಚೀಟಿಗಳ ಪ್ರತಿಗಳು, ವೈದ್ಯರ ಚೀಟಿಗಳು, ಬ್ಯಾಂಕಿನ ಕಾಗದಗಳು, ಅಂಕಪಟ್ಟಿಗಳು ಹಾಗೆಯೇ ಬಿದ್ದಿರುತ್ತವೆ. ಅವುಗಳನ್ನು ಬೇರ್ಪಡಿಸಿ ನಾಶಪಡಿಸುವ ಯಾವ ವ್ಯವಸ್ಥೆಯೂ ಆ ಅಂಗಡಿಯಲ್ಲಿಲ್ಲ. ನಾನು ಕೇಳಿದಾಗ, ಗಿರಣಿಗೆ ಹೋದರೆ ಎಲ್ಲವೂ ತಿರುಳಾಗುತ್ತದೆ ಎಂಬ ಉತ್ತರ ಬಂತು. ಗಿರಣಿಗೆ ಹೋಗುವವರೆಗಿನ ವಾರಗಳ ಮಾತೇನು ಎಂಬ ಪ್ರಶ್ನೆ ಉಳಿದೇ ಇದೆ. ಒಬ್ಬರ ಹೆಸರು, ಕಾಯಿಲೆ, ಸಹಿ ಇರುವ ಕಾಗದ ಎಷ್ಟೇ ಸುಂದರವಾಗಿ ಮಾಸಿದ್ದರೂ ಅದು ಚಿತ್ರದೊಳಗೆ ಬರಬಾರದು. ಅಂಥವು ಸಿಕ್ಕಿದರೆ ನಾನು ಕೊಂಡು ತಂದು ಒಲೆಗೆ ಹಾಕುತ್ತೇನೆ. ಅಂಗಡಿಯವರು ಇದಕ್ಕಾಗಿ ಒಂದು ಪ್ರತ್ಯೇಕ ಗೋಣಿಯನ್ನಾದರೂ ಇಟ್ಟರೆ ಬಹಳ ಉಪಕಾರವಾಗುತ್ತದೆ.

ಬೆಲೆಯ ವಿಷಯದಲ್ಲಿ ದೂರಲು ಕಾರಣವಿಲ್ಲ. ಮಿಶ್ರ ರಾಶಿಯಿಂದ ನಾವೇ ಆಯ್ದುಕೊಂಡರೆ ಕಿಲೋಗೆ 30 ರೂಪಾಯಿ ಪಡೆಯುತ್ತಾರೆ, ಅವರು ಕೊಳ್ಳುವ ದರಕ್ಕಿಂತ ಇದು ಹೆಚ್ಚು ನಿಜ, ಆದರೆ ಎರಡು ಗಂಟೆ ರಾಶಿ ಕೆದಕಲು ಬಿಡುವುದರ ಬೆಲೆಯೂ ಅದರಲ್ಲಿ ಸೇರಿದೆ. ಎರಡು ಕಿಲೋ ಕಾಗದದಲ್ಲಿ ನನಗೆ ಮೂರು ತಿಂಗಳ ಕೆಲಸವಾಗುತ್ತದೆ. ತಕ್ಕಡಿ ಸರಿಯಾಗಿದೆ, ಮನೆಗೆ ತಂದು ತೂಗಿ ನೋಡಿದ್ದೇನೆ. ಮಾತು ಮಲಯಾಳಂ, ತುಳು, ಬ್ಯಾರಿ ಯಾವುದರಲ್ಲಾದರೂ ನಡೆಯುತ್ತದೆ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ಉತ್ತರಿಸುತ್ತಾರೆ. ಧೂಳು ವಿಪರೀತವಾಗಿರುವುದರಿಂದ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಪಿನ್ನುಗಳು ಚುಚ್ಚುವುದರಿಂದ ದಪ್ಪ ಕೈಗವಸು ಬೇಕು, ಕೈತೊಳೆಯಲು ನೀರನ್ನು ಜೊತೆಗೆ ಒಯ್ಯುವುದು ಒಳ್ಳೆಯದು.

ಮೊದಲ ಸಲ ಹೋಗುವವರು ಏಪ್ರಿಲ್ ತಿಂಗಳನ್ನು ಆರಿಸಿಕೊಳ್ಳಲಿ. ಮಾರ್ಚಿಯಲ್ಲಿ ಪರೀಕ್ಷೆಗಳು ಮುಗಿದು ಶಾಲೆಯ ನೋಟುಪುಸ್ತಕಗಳು, ನಕಾಶೆಗಳು, ಚಾರ್ಟು ಹಾಳೆಗಳು ಒಟ್ಟಾಗಿ ಬಂದು ಬೀಳುವುದು ಆಗಲೇ. ಜಾತ್ರೆ, ಕೋಲ, ಬಯಲಾಟಗಳ ಕರಪತ್ರಗಳೂ ಆ ದಿನಗಳಲ್ಲಿ ಹೇರಳ. ಎಲ್ಲವೂ ಗರಿಗರಿಯಾಗಿ ಒಣಗಿರುತ್ತದೆ. ಬೆಳಿಗ್ಗೆ ಹತ್ತರೊಳಗೆ ಹೋದರೆ ಕಿಟಕಿಯಿಂದ ಬರುವ ಬಿಸಿಲು ನೇರವಾಗಿ ಮಿಶ್ರ ರಾಶಿಯ ಮೇಲೆ ಬೀಳುತ್ತದೆ, ಬಣ್ಣಗಳನ್ನು ಅವುಗಳ ನಿಜವಾದ ಮಾಸಲಿನಲ್ಲಿ ನೋಡಲು ಆ ಕೋಣೆಯಲ್ಲಿ ಸಿಗುವ ಬೆಳಕು ಅದೊಂದೇ.