ಮಕ್ಕಳ ಜತೆ ಕೂತು ನೋಡಿದ ನಾಲ್ಕು ದೇವರ ಸಿನಿಮಾಗಳು: ಯಾವ ವಯಸ್ಸಿಗೆ ಯಾವುದು?

ದೇವರ ಸಿನಿಮಾ ಅಂದಮೇಲೆ ಮಕ್ಕಳಿಗೆ ತೋರಿಸಲು ಯೋಚನೆ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಯೋಚನೆ ಬೇಕೇ ಬೇಕು ಅನ್ನುವವಳು ನಾನು. ಭಕ್ತಿಯ ಕಥೆಗಳಲ್ಲಿ ಸಾಹಸ ಎಷ್ಟಿದೆಯೋ ಕ್ರೌರ್ಯವೂ ಅಷ್ಟೇ ಇದೆ. ಹೆತ್ತ ಅಪ್ಪನೇ ಮಗನನ್ನು ಆನೆ ಕಾಲಿಗೆ ಹಾಕಿಸುತ್ತಾನೆ. ರಾಜನೊಬ್ಬ ಎಳೆಗೂಸುಗಳನ್ನು ಕೊಲ್ಲಿಸುತ್ತಾನೆ. ಅದನ್ನು ನೋಡಿದ ಮಗುವಿಗೆ ಕೊನೆಗೆ ಧೈರ್ಯ ಉಳಿಯುತ್ತದೋ, ಬರೀ ಹೊಡೆದಾಟ ಉಳಿಯುತ್ತದೋ ಅನ್ನುವುದು ಸಿನಿಮಾ ಹೇಗಿದೆ ಅನ್ನುವುದರ ಮೇಲೆ ನಿಂತಿದೆ.

ರಜೆ ಬಂದರೆ ದಾವಣಗೆರೆಯ ನಮ್ಮ ಮನೆಗೆ ನಾದಿನಿಯ ಮಕ್ಕಳೂ ಬರುತ್ತಾರೆ. ನನ್ನ ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟುಕೊಂಡು ಅಜ್ಜಿಯ ಜತೆ ಎಲ್ಲರೂ ಕೂರುತ್ತಾರೆ. ಹೀಗೆ ನೋಡಿದವುಗಳಲ್ಲಿ ನಾಲ್ಕನ್ನು ಇಲ್ಲಿ ಒಂದರ ಪಕ್ಕ ಒಂದು ಇಡುತ್ತಿದ್ದೇನೆ.

ಮೊದಲು ಪ್ರಹ್ಲಾದ. ಇವನ ಕಥೆಯ ಎರಡು ಸಿನಿಮಾ ನೋಡಿದೆವು. ಒಂದು 1983ರ ‘ಭಕ್ತ ಪ್ರಹ್ಲಾದ’. ರಾಜ್‌ಕುಮಾರ್ ಹಿರಣ್ಯಕಶಿಪು, ಪುನೀತ್ ಪ್ರಹ್ಲಾದ. ಇನ್ನೊಂದು 2025ರ ಜುಲೈ 25ಕ್ಕೆ ಬಂದ ‘ಮಹಾವತಾರ ನರಸಿಂಹ’. ಅಶ್ವಿನ್ ಕುಮಾರ್ ನಿರ್ದೇಶನದ ಆನಿಮೇಷನ್ ಚಿತ್ರ, ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ್ದು, ಕನ್ನಡದಲ್ಲೂ ಬಂತು.

ಹೊಸದನ್ನು ಥಿಯೇಟರಿನಲ್ಲೇ ನೋಡಿದೆವು. ವರಾಹ ಭೂಮಿಯನ್ನು ಎತ್ತಿ ತರುವಾಗ ಮಕ್ಕಳು ಉಸಿರು ಬಿಡಲಿಲ್ಲ. ನಮ್ಮ ಸಾಲಿನಲ್ಲಿ ದೊಡ್ಡವರು ಕೈಮುಗಿದು ಕೂತಿದ್ದರು, ಹಿಂದಿನಿಂದ ಯಾರೋ ನರಸಿಂಹನಿಗೆ ಜೈ ಅಂದರೆ ಇಡೀ ಹಾಲ್ ದನಿಗೂಡಿಸಿತು. ಇಷ್ಟು ಜನರ ನಡುವೆ ಕೂತು ದೇವರ ಕಥೆ ನೋಡುವುದು ಮಕ್ಕಳಿಗೆ ಮನೆಯಲ್ಲಿ ಸಿಗುವಂಥದ್ದಲ್ಲ. ಅದಕ್ಕಾಗಿಯಾದರೂ ಹೋಗಿದ್ದು ಸಾರ್ಥಕ.

ಆದರೆ ಕೊನೆಯ ಕಾಳಗ ಬಹಳ ಉದ್ದ. ಅಬ್ಬರ ಜಾಸ್ತಿ, ರಕ್ತವೂ ಇದೆ. ಆರು ವರ್ಷದವನು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡ. ಮಗಳು ಮಾತ್ರ ಕಣ್ಣು ಕೀಳದೆ ನೋಡಿದಳು. ಕಂಬ ಒಡೆದ ಮೇಲೆ ಪ್ರಹ್ಲಾದ ಒಂದು ಮೂಲೆಗೆ ಸರಿದ ಹಾಗಾಗುತ್ತದೆ, ಪರದೆ ತುಂಬ ನರಸಿಂಹನೇ. ಅದು ಸಹಜ, ಸಿನಿಮಾದ ಹೆಸರೇ ಅವನದು. ಆದರೆ ನನಗೆ ಆ ಹುಡುಗ ಬೇಕಿತ್ತು.

ಆ ಹುಡುಗ ಸಿಗುವುದು ಹಳೆಯದರಲ್ಲಿ. ಪುನೀತ್‌ಗೆ ಆಗ ಎಂಟು ವರ್ಷ ಇರಬೇಕು, 1975ರಲ್ಲಿ ಹುಟ್ಟಿದವರು ಅಲ್ವಾ. ರಾಜ್‌ಕುಮಾರ್ ಅವರ ಆ ದನಿ, ಆ ಕಣ್ಣು ಎದುರಿಗಿರುವಾಗ ಅಷ್ಟು ಚಿಕ್ಕ ಹುಡುಗ ಮೆತ್ತಗೆ, ನೇರವಾಗಿ ಉತ್ತರ ಕೊಡುತ್ತಾನೆ. ನಿಜವಾದ ಅಪ್ಪ ಮಗನೇ ಅಂತ ಹೇಳಿದಾಗ ಮಕ್ಕಳಿಗೆ ಕುತೂಹಲ ಇಮ್ಮಡಿಯಾಯಿತು. ಸೆಟ್, ಟ್ರಿಕ್ ದೃಶ್ಯ ಎಲ್ಲ ಇವತ್ತಿನ ಕಣ್ಣಿಗೆ ಸರಳ. ಅದೇ ಇಲ್ಲಿ ಅನುಕೂಲ. ಹಾವು ಬಂದರೂ ಬೆಂಕಿ ಬಂದರೂ ಚಿಕ್ಕವನು ಹೆದರಲಿಲ್ಲ, ಹುಡುಗನ ಮುಖವನ್ನೇ ನೋಡುತ್ತಿದ್ದ. ಪವಾಡಕ್ಕಿಂತ ಧೈರ್ಯ ಮುಂದೆ ಬರುವುದು ಅಂದರೆ ಇದು.

ತೊಂದರೆ ಒಂದಿದೆ. ಮಾತು ಗ್ರಾಂಥಿಕ, ಹಾಡುಗಳು ಜಾಸ್ತಿ, ನಡಿಗೆ ನಿಧಾನ. ಒಂದೇ ಸಲ ಕೂರಿಸಿದರೆ ಮಕ್ಕಳು ಎದ್ದು ಹೋಗುತ್ತಾರೆ. ನಾವು ದಿನಕ್ಕೊಂದು ತುಂಡು ಮಾಡಿ ನೋಡಿದೆವು, ಅಜ್ಜಿ ಪಕ್ಕದಲ್ಲಿ ಕೂತು ಅರ್ಥ ಹೇಳಿದರು. ಅಜ್ಜಿ ಇಲ್ಲದಿದ್ದರೆ ನೀವೇ ಹೇಳಬೇಕಾಗುತ್ತದೆ, ಸುಮ್ನೆ ಹಾಕಿಕೊಟ್ಟು ಅಡುಗೆಮನೆಗೆ ಹೋಗುವ ಸಿನಿಮಾ ಅಲ್ಲ ಇದು.

ಎರಡನ್ನೂ ನೋಡಿದ ಮೇಲೆ ಮಗ ಕೇಳಿದ: “ಅವರಪ್ಪನ್ನೇ ಕೊಂದುಬಿಟ್ರಲ್ಲ, ಪ್ರಹ್ಲಾದ ಅಳಲ್ವಾ?” ಈ ಪ್ರಶ್ನೆಗೆ ಉತ್ತರ ಸಿದ್ಧ ಇಟ್ಟುಕೊಂಡೇ ಈ ಸಿನಿಮಾ ಹಾಕಿ. ನರಸಿಂಹ ವರ ಕೇಳು ಅಂದಾಗ ಪ್ರಹ್ಲಾದ ತನಗಾಗಿ ಏನೂ ಕೇಳುವುದಿಲ್ಲ, ಅಪ್ಪನ ಪಾಪ ಕಳೆಯಲಿ ಅಂತ ಬೇಡುತ್ತಾನೆ. ಭಾಗವತದಲ್ಲಿ ಹಾಗೇ ಇದೆ. ಅದನ್ನು ಹೇಳಿದ ಮೇಲೆಯೇ ಅವನು ಊಟಕ್ಕೆ ಎದ್ದದ್ದು.

ಇನ್ನು ‘ದಿ ಪ್ರಿನ್ಸ್ ಆಫ್ ಈಜಿಪ್ಟ್’. 1998ರಲ್ಲಿ ಡ್ರೀಮ್‌ವರ್ಕ್ಸ್ ಮಾಡಿದ ಆನಿಮೇಷನ್ ಚಿತ್ರ, ಬೈಬಲಿನ ಮೋಶೆಯ ಕಥೆ. ಈಜಿಪ್ಟಿನ ಅರಮನೆಯಲ್ಲಿ ಬೆಳೆದು, ಅಲ್ಲಿ ಗುಲಾಮರಾಗಿದ್ದ ತನ್ನ ಹೀಬ್ರೂ ಜನರನ್ನು ಬಿಡಿಸಿದವನು ಈ ಮೋಶೆ. ನಮ್ಮ ಮನೆಯಲ್ಲಿ ಇದನ್ನು ಯಾರು ನೋಡುತ್ತಾರೆ ಅನ್ನುವ ಅನುಮಾನ ನಮ್ಮತ್ತೆಗಿತ್ತು. ತಾಯಿ ಕೂಸನ್ನು ಬುಟ್ಟಿಯಲ್ಲಿಟ್ಟು ನೈಲ್ ನದಿಗೆ ಬಿಟ್ಟಳು ನೋಡಿ, ಅತ್ತೆ ನೆಟ್ಟಗೆ ಕೂತರು. “ಇದು ನಮ್ಮ ಕೃಷ್ಣನ ಕಥೆ ಇದ್ದಂಗೇ ಐತಲ್ಲ!” ಕಂಸ, ಯಮುನೆ, ವಸುದೇವನ ಬುಟ್ಟಿ ಎಲ್ಲ ಮಕ್ಕಳಿಗೆ ಆಗಲೇ ಗೊತ್ತಿತ್ತು. ಮಗಳು ಕರ್ಣನನ್ನೂ ಸೇರಿಸಿದಳು. ಅಲ್ಲಿಂದ ಮುಂದೆ ಇಂಗ್ಲಿಷ್ ಅರ್ಥವಾಗದ ಕಡೆಯೂ ಕಥೆ ಕೈತಪ್ಪಲಿಲ್ಲ.

ನಾಲ್ಕರಲ್ಲಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತದ್ದು ಇದೇ ಅಂತ ಹೇಳಲು ನನಗೆ ಸಂಕೋಚವಿಲ್ಲ. ಮೋಶೆಗೆ ಭಯ ಆಗುತ್ತದೆ. ಉರಿಯುವ ಪೊದೆಯಿಂದ ದೇವರು ಕರೆದಾಗ ಅವನು ಹಿಂದೆ ಸರಿಯುತ್ತಾನೆ, ಆ ಜನ ನನ್ನ ಮಾತು ಯಾಕೆ ಕೇಳುತ್ತಾರೆ ಅನ್ನುತ್ತಾನೆ. ಎದುರಿಗೆ ನಿಲ್ಲಬೇಕಾದ ಈಜಿಪ್ಟಿನ ದೊರೆಯೂ ಅರಮನೆಯಲ್ಲಿ ಜತೆಗೆ ಬೆಳೆದ ಅಣ್ಣ, ರಥದ ಪಂದ್ಯ ಆಡಿದವನು. ಇಬ್ಬರೂ ಒಬ್ಬರನ್ನೊಬ್ಬರು ಬಿಡಲಾರದೆ ಒದ್ದಾಡುತ್ತಾರೆ. ಇನ್ನೊಂದು ಸಂಗತಿ: ಇಂಗ್ಲಿಷ್ ಮೂಲದಲ್ಲಿ ಮೋಶೆಗೂ ದೇವರಿಗೂ ದನಿ ಕೊಟ್ಟವರು ಒಬ್ಬರೇ, ವಾಲ್ ಕಿಲ್ಮರ್. ಗೊತ್ತಾದ ಮೇಲೆ ಮಗಳು ಆ ದೃಶ್ಯವನ್ನು ಮತ್ತೆ ಹಾಕಿಸಿ ಕೇಳಿದಳು. ಒಳಗಿನಿಂದಲೇ ಯಾರೋ ಕರೆದ ಹಾಗಿದೆ ಅಂತ ಅವಳಿಗೇ ಅನ್ನಿಸಿತು.

ಕೆಂಪು ಸಮುದ್ರ ಇಬ್ಭಾಗ ಆದಾಗ ನೀರಿನ ಗೋಡೆಯೊಳಗೆ ತಿಮಿಂಗಿಲದ ನೆರಳು ಹಾದುಹೋಗುತ್ತದೆ. ಚಿಕ್ಕವರಿಗೆ ಅಷ್ಟೇ ಸಾಕಾಯಿತು. ಸುಮಾರು ಒಂದೂವರೆ ಗಂಟೆಯ ಚಿತ್ರ, ಯಾರೂ ಎದ್ದು ಹೋಗಲಿಲ್ಲ. ದೇವರ ಶಿಕ್ಷೆಯಾಗಿ ಈಜಿಪ್ಟಿನವರ ಚೊಚ್ಚಲ ಮಕ್ಕಳು ಸಾಯುವ ಭಾಗ ಮಾತ್ರ ಭಾರ. ರಕ್ತ ಇಲ್ಲ, ಗದ್ದಲವೂ ಇಲ್ಲ, ಆದರೂ ಎದೆ ಹಿಂಡುತ್ತದೆ. ಎಂಟು ವರ್ಷದ ಕೆಳಗಿನವರಿಗೆ ಬೇಡ ಅನ್ನುತ್ತೇನೆ ನಾನು.

ನಾಲ್ಕನೆಯದು ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’. ಜಪಾನಿನ ಯುಗೋ ಸಾಕೋ ಮತ್ತು ನಮ್ಮ ರಾಮ್ ಮೋಹನ್ ಸೇರಿ ತೊಂಬತ್ತರ ದಶಕದ ಶುರುವಿನಲ್ಲಿ ಮಾಡಿದ್ದು. ಚಿತ್ರಗಳು ತುಂಬ ಚೆಂದ. ಕಾಡು, ಮಳೆ, ಹನುಮಂತನ ಲಂಘನ ನೋಡುತ್ತಲೇ ಇರಬೇಕು ಅನ್ನಿಸುತ್ತದೆ. ಕುಂಭಕರ್ಣನನ್ನು ಎಬ್ಬಿಸುವಾಗ ಮನೆ ತುಂಬ ನಗು. ಆದರೆ ಎರಡೂಕಾಲು ಗಂಟೆ ಉದ್ದ. 2025ರ ಜನವರಿಯಲ್ಲಿ ಮತ್ತೆ ತೆರೆಗೆ ಬಂದಾಗಲೂ ಹಿಂದಿ, ತಮಿಳು, ತೆಲುಗು, ಇಂಗ್ಲಿಷಿನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಇಂಥ ಚಿತ್ರ ನಮ್ಮ ಮಕ್ಕಳಿಗೆ ನಮ್ಮ ಮಾತಿನಲ್ಲಿ ಸಿಗಬೇಕಿತ್ತು ಅನ್ನುವ ಬೇಸರ ನನಗಿದೆ. ಕಥೆ ಮೊದಲೇ ಗೊತ್ತಿರುವುದರಿಂದ ಎಲ್ಲ ವಯಸ್ಸಿನವರೂ ನೋಡಬಹುದು.

ಕೂರಿಸುವ ಕ್ರಮ ಕೇಳಿದರೆ ಹೀಗೆ ಹೇಳುತ್ತೇನೆ. ಆರೇಳು ವರ್ಷದವರಿಗೆ ಹಳೆಯ ಪ್ರಹ್ಲಾದ, ತುಂಡು ತುಂಡಾಗಿ. ಆಮೇಲೆ ರಾಮಾಯಣ, ನಡುವೆ ಒಂದು ಬಿಡುವು ಕೊಟ್ಟು. ಎಂಟು ದಾಟಿದವರಿಗೆ ನರಸಿಂಹ, ಆದಷ್ಟೂ ದೊಡ್ಡ ಪರದೆಯಲ್ಲಿ. ಮೋಶೆಯನ್ನು ಕೊನೆಗೆ ಇಡಿ, ಮಾತಾಡಲು ಒಂದು ಸಂಜೆ ಬಿಡುವು ಇರುವಾಗ.

ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ. ನರಸಿಂಹನನ್ನು ನೋಡಿದ ವಾರವೇ ಮಕ್ಕಳನ್ನು ಹರಿಹರಕ್ಕೆ ಕರೆದುಕೊಂಡು ಹೋಗಿ, ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ಅಷ್ಟೆ. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಅಂತ ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ದೇಹವಾಗಿ ಬಂದ ಕಥೆ ಅಲ್ಲಿಯದು. ಹಗಲೂ ಅಲ್ಲ ರಾತ್ರಿಯೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ ಅನ್ನುವ ಹಿರಣ್ಯಕಶಿಪುವಿನ ವರ ಮಕ್ಕಳ ತಲೆಯಲ್ಲಿ ಆಗಿನ್ನೂ ಹಸಿಯಾಗಿರುತ್ತದೆ. ಮೂರ್ತಿಯ ಎರಡು ಅರ್ಧಗಳಲ್ಲಿ ಯಾವುದು ಹರಿ, ಯಾವುದು ಹರ ಅಂತ ಅವರೇ ಹುಡುಕಲಿ, ನೀವು ಮೊದಲೇ ಹೇಳಬೇಡಿ.