ಹಳೆ ಕ್ಯಾಂಪರ್ ಟ್ರೇಲರ್ ರಿಪೇರಿ: ಯಾವುದಕ್ಕೆ ಯಾವುದು ವಾಸಿ

ಹಳೆ ಕ್ಯಾಂಪರ್ ಟ್ರೇಲರ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ, ಕೊಳ್ಳಲು ಹೊರಟವರು ಒಳಗಿನ ಹಾಸಿಗೆ, ಒಲೆ, ಫ್ರಿಜ್ ಎಲ್ಲ ಆಮೇಲೆ ನೋಡಲಿ. ಮೊದಲು ಏಣಿ ಹಾಕಿ ಚಾವಣಿ ನೋಡಬೇಕು. ಇಂಥ ಗಾಡಿಗಳನ್ನು ಹಾಳು ಮಾಡುವುದು ನೀರು. ಎಂಜಿನ್ ಇಲ್ಲ, ಗೇರ್ ಇಲ್ಲ, ಕೆಡಲು ಅಂಥದ್ದೇನೂ ಇಲ್ಲ. ಆದರೆ ಒಂದು ಸ್ಕ್ರೂ ಪಕ್ಕ ಸಣ್ಣಗೆ ನೀರಿಳಿದರೂ ಸಾಕು, ಗೋಡೆಯೊಳಗಿನ ಮರ ಸದ್ದಿಲ್ಲದೆ ಕೊಳೆಯುತ್ತದೆ.

ನಾವಿರುವುದು ಅಮೆರಿಕದ ಓಹಾಯೊದಲ್ಲಿ. ನಮ್ಮದು ಮರದ ಚೌಕಟ್ಟಿಗೆ ಅಲ್ಯೂಮಿನಿಯಂ ತಗಡು ಹೊಡೆದ, ರಬ್ಬರ್ ಚಾವಣಿಯ ಗಾಡಿ. ಅಮೆರಿಕದ ಟ್ರೇಲರುಗಳಲ್ಲಿ ಬಹುಪಾಲು ತಯಾರಾಗುವುದು ಪಕ್ಕದ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಸುತ್ತಮುತ್ತ. ಅಲ್ಲಿನ ಸರ್‌ಪ್ಲಸ್ ಅಂಗಡಿಗಳಲ್ಲಿ ಕಿಟಕಿ, ಬಾಗಿಲು, ದೀಪ ಎಲ್ಲ ಅಗ್ಗಕ್ಕೆ ಸಿಗುತ್ತವೆ. ಹಾಗಾಗಿ ಈ ಕಡೆ ಇರುವವರಿಗೆ ಸ್ವಂತ ರಿಪೇರಿ ಅಷ್ಟೇನೂ ಕಷ್ಟವಲ್ಲ. ಕಷ್ಟ ಇರುವುದು ಆಯ್ಕೆಯಲ್ಲಿ. ಒಂದೊಂದು ಕೆಲಸಕ್ಕೂ ಎರಡು ಮೂರು ದಾರಿ, ಪ್ರತಿಯೊಂದಕ್ಕೂ ಅದೇ ಸರಿ ಎನ್ನುವ ಜನ. ನಾನು ಬಳಸಿ ನೋಡಿದ್ದನ್ನು ಇಲ್ಲಿ ಹೇಳುತ್ತೇನೆ. ಹೋಲಿಸುವಾಗ ನನಗೆ ಮುಖ್ಯವಾಗಿರುವ ಪ್ರಶ್ನೆ ಇದು: ಮುಂದೊಂದು ದಿನ ಇದನ್ನು ಬಿಚ್ಚಬೇಕಾಗಿ ಬಂದರೆ ಬಿಚ್ಚಲು ಆಗುತ್ತದಾ? ರಸ್ತೆಯಲ್ಲಿ ಕುಲುಕಾಡುತ್ತಾ ಓಡುವ ಮನೆಯಲ್ಲಿ ಬಿಚ್ಚುವ ದಿನ ಬಂದೇ ಬರುತ್ತದೆ.

ಚಾವಣಿಯಿಂದಲೇ ಶುರು ಮಾಡೋಣ. ಇಲ್ಲಿ ಪೈಪೋಟಿ ಮೂರರ ನಡುವೆ: ಸಾಮಾನ್ಯ ಸಿಲಿಕೋನ್, ಡೈಕಾರ್ ಕಂಪನಿಯದರ ಥರದ ಲ್ಯಾಪ್ ಸೀಲೆಂಟ್ (ಚಾವಣಿಯ ಅಂಚು, ಸ್ಕ್ರೂಗಳ ಮೇಲೆ ಸುರಿಯುವ ಮೆತ್ತನೆ ಅಂಟು), ಮತ್ತು ಎಟರ್ನಾಬಾಂಡ್ ಅನ್ನುವ ಗಟ್ಟಿ ಅಂಟಿನ ಚಾವಣಿ ಟೇಪ್.

ಸಿಲಿಕೋನ್ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ, ಹಚ್ಚಿದ ದಿನ ಚೆನ್ನಾಗಿ ಕಾಣುತ್ತದೆ. ನಮ್ಮ ಗಾಡಿಯ ಹಿಂದಿನ ಮಾಲೀಕರು ಚಾವಣಿಯ ಗಾಳಿ ಕೊಳವೆಯ ಸುತ್ತ ಅದನ್ನೇ ಹಚ್ಚಿದ್ದರು. ನೋಡಲು ಎಲ್ಲೂ ಬಿರುಕಿಲ್ಲ. ಉಗುರಿನಿಂದ ಒಂದು ಅಂಚು ಎತ್ತಿದೆ, ಇಡೀ ಸುತ್ತು ಹಾಗೇ ಎದ್ದು ಕೈಗೆ ಬಂತು. ಕೆಳಗೆ ಒದ್ದೆ ಧೂಳಿನ ಕಪ್ಪು ಗೆರೆ. ಅಂದರೆ ನೀರು ಅದರ ಅಡಿಯಲ್ಲೇ ಓಡಾಡುತ್ತಿತ್ತು. ಇಂಥ ಚಾವಣಿಗೆ ಹಾಕುವ ಇಪಿಡಿಎಂ ರಬ್ಬರಿಗೆ ಸಿಲಿಕೋನ್ ಸರಿಯಾಗಿ ಅಂಟುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಸಿಲಿಕೋನ್ ಕಿತ್ತ ಮೇಲೂ ಕಣ್ಣಿಗೆ ಕಾಣದ ಒಂದು ಪದರ ಉಳಿದುಬಿಡುತ್ತದೆ. ಆಮೇಲೆ ಆ ಜಾಗಕ್ಕೆ ಬೇರೆ ಯಾವುದೂ ನೆಟ್ಟಗೆ ಅಂಟುವುದಿಲ್ಲ. ಅದನ್ನು ತೆಗೆಯಲು ಪೆಟ್ರೋಲ್ ಮೂಲದ ಥಿನ್ನರ್ ಹಾಕಿ ಉಜ್ಜಿದರೆ ರಬ್ಬರ್ ಉಬ್ಬಿಕೊಳ್ಳುತ್ತದೆ. ಪ್ಲಾಸ್ಟಿಕ್ ಕೆರೆಯುವ ಪಟ್ಟಿ, ಐಸೋಪ್ರೊಪೈಲ್ ಆಲ್ಕೋಹಾಲ್, ಮತ್ತು ತಾಳ್ಮೆ ಇವಿಷ್ಟೇ ದಾರಿ. ಚಾವಣಿಗೆ ಸಿಲಿಕೋನ್ ಬೇಡವೇ ಬೇಡ.

ಲ್ಯಾಪ್ ಸೀಲೆಂಟಿನಲ್ಲಿ ಎರಡು ಬಗೆ ಇವೆ. ತಾನಾಗಿ ಹರಡಿ ಸಮನಾಗುವುದು ಒಂದು, ಇಟ್ಟಲ್ಲೇ ನಿಲ್ಲುವುದು ಇನ್ನೊಂದು. ಚಪ್ಪಟೆ ಜಾಗಕ್ಕೆ ಮೊದಲನೆಯದು. ಸ್ಕ್ರೂ ತಲೆಯ ಮೇಲೆ ಸುರಿದರೆ ನಿಧಾನವಾಗಿ ಹರಿದು ಅದನ್ನು ಪೂರ್ತಿ ಮುಚ್ಚುತ್ತದೆ. ಅದನ್ನೇ ಇಳಿಜಾರಿಗೆ ಹಾಕಿದರೆ ಗೋಡೆ ಮೇಲೆಲ್ಲಾ ಇಳಿದು ಬರುತ್ತದೆ, ಅಲ್ಲಿಗೆ ಎರಡನೆಯದೇ ಬೇಕು. ಬೇಗ ಕೆನೆ ಕಟ್ಟುತ್ತದೆ, ಒಳಗೆ ಗಟ್ಟಿಯಾಗಲು ಮಾತ್ರ ವಾರಗಳು ಬೇಕು. ಚಳಿಯಲ್ಲಿ ಹಚ್ಚಬೇಡಿ, 10 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಲಿ. ಇದು ಶಾಶ್ವತವಲ್ಲ. ಬಿಸಿಲಿಗೆ ಕೂದಲೆಳೆಯ ಬಿರುಕು ಬಿಡುತ್ತದೆ. ಆದರೆ ಹಳೆಯದನ್ನು ಚೊಕ್ಕ ಮಾಡಿ ಅದರ ಮೇಲೇ ಹೊಸದನ್ನು ಹಾಕಬಹುದು. ನಮ್ಮ ಮಲೆನಾಡಿನ ಸಾಗರದ ಕಡೆ ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸುವ ಹಾಗೆ, ನಾನು ಇಲ್ಲಿ ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಮೇಲೆ ಹತ್ತಿ ನೋಡಿ, ಬಿರುಕಿದ್ದಲ್ಲಿ ಒಂದಿಷ್ಟು ಸುರಿದು ಬರುತ್ತೇನೆ.

ಎಟರ್ನಾಬಾಂಡ್ ಟೇಪಿನ ಶಕ್ತಿ ಬೇರೆಯೇ. ಒಮ್ಮೆ ಅಂಟಿತೆಂದರೆ ಅಂಟಿತು, ಸರಿಸಿ ಕೂರಿಸಲು ಆಗುವುದಿಲ್ಲ. ಅಂಟಿಸಿದ ಮೇಲೆ ಸಣ್ಣ ರೋಲರ್ ಹಿಡಿದು ಗಟ್ಟಿಯಾಗಿ ಒತ್ತಬೇಕು. ಕೆಳಗೆ ಹಳೆ ಸೀಲೆಂಟಿನ ಉಬ್ಬು ಇದ್ದರೆ ಪಕ್ಕದಲ್ಲಿ ಸುರಂಗದಂಥ ಸಂದು ಉಳಿಯುತ್ತದೆ, ಅದರಲ್ಲಿ ನೀರು ನುಗ್ಗುತ್ತದೆ. ಹಾಗಾಗಿ ಮೊದಲು ಕೆರೆದು ಮಟ್ಟ ಮಾಡಲೇಬೇಕು. ಗಾಡಿಯ ಮುಂಭಾಗದಲ್ಲಿ ಚಾವಣಿ ಗೋಡೆಗೆ ಸೇರುವ ಉದ್ದನೆಯ ಜಾಯಿಂಟಿಗೆ ಈ ಟೇಪ್ ಹಾಕಿದ್ದೇನೆ. ಹೆದ್ದಾರಿಯಲ್ಲಿ ಗಾಳಿ, ಮಳೆ ಎರಡೂ ನೇರ ಬಂದು ಹೊಡೆಯುವುದು ಅಲ್ಲಿಗೇ. ಆಮೇಲೆ ಬಂದ ಯಾವ ಚಳಿಗಾಲಕ್ಕೂ ಅದು ಅಲ್ಲಾಡಿಲ್ಲ.

ಹಾಗಾದರೆ ಎಲ್ಲ ಕಡೆ ಟೇಪನ್ನೇ ಹಾಕಬಹುದಲ್ಲ? ಬೇಡ. ಚಾವಣಿಯ ಹಳೆ ವೆಂಟ್ ತೆಗೆದು 12 ವೋಲ್ಟಿನ ಫ್ಯಾನ್ ಕೂರಿಸಿದೆ. ಇಂಥ ಫ್ಯಾನುಗಳು 14 ಇಂಚು ಚದರದ ಅದೇ ರಂಧ್ರಕ್ಕೆ ಸರಿಯಾಗಿ ಹೊಂದುತ್ತವೆ. ಅಲ್ಲಿ ಇದ್ದದ್ದು ಲ್ಯಾಪ್ ಸೀಲೆಂಟ್. ಹೀಟ್ ಗನ್ನಿನಿಂದ ಸ್ವಲ್ಪ ಬೆಚ್ಚಗೆ ಮಾಡಿ ಪ್ಲಾಸ್ಟಿಕ್ ಪಟ್ಟಿ ನುಗ್ಗಿಸಿದರೆ ಎದ್ದು ಬಂತು, ರಬ್ಬರಿಗೆ ಒಂದು ಗೀರೂ ಬೀಳಲಿಲ್ಲ. ಅಲ್ಲಿ ಟೇಪ್ ಇದ್ದಿದ್ದರೆ ರಬ್ಬರ್ ಸಮೇತ ಹರಿದು ಬರುತ್ತಿತ್ತು. ಎಂದೂ ಬಿಚ್ಚದ ಉದ್ದ ಜಾಯಿಂಟಿಗೆ ಟೇಪ್, ಎಂದಾದರೂ ಬಿಚ್ಚಬೇಕಾದ ವೆಂಟ್, ಆಂಟೆನಾ, ಕೊಳವೆಗೆ ಲ್ಯಾಪ್ ಸೀಲೆಂಟ್. ನಾನು ಈಗ ಇದಕ್ಕೇ ಅಂಟಿಕೊಂಡಿದ್ದೇನೆ.

ಕಿಟಕಿಯ ಚೌಕಟ್ಟಿನ ಹಿಂದೆ ಹಾಕುವ ಪಟ್ಟಿಯಲ್ಲೂ ಎರಡು ಬಗೆ. ಪುಟ್ಟಿ ಟೇಪ್ ಮೆತ್ತಗೆ, ಕೆಲಸ ಸಲೀಸು, ಕೈಗೆ ಮೆತ್ತುವುದಿಲ್ಲ. ವರ್ಷಗಳು ಕಳೆದ ಮೇಲೆ ಒಣಗಿ ಪುಡಿಯಾಗುತ್ತದೆ. ಹಳೆ ಕಿಟಕಿ ಬಿಚ್ಚಿದರೆ ಬೆರಳಲ್ಲಿ ಒತ್ತುತ್ತಲೇ ಚೂರಾಗುವುದು ಅದೇ. ಬ್ಯುಟೈಲ್ ಟೇಪ್ ಮೆತ್ತಿಕೊಳ್ಳುತ್ತದೆ, ಎಳೆದರೆ ದಾರ ಬರುತ್ತದೆ, ಕೆಲಸ ಮಾಡುವಾಗ ಸಿಟ್ಟು ಬರುತ್ತದೆ. ಆದರೂ ಬ್ಯುಟೈಲೇ ಸೈ. ಅದು ಒಣಗದೆ ಜಿಗುಟಾಗಿಯೇ ಉಳಿಯುತ್ತದೆ. ಸ್ಕ್ರೂಗಳನ್ನು ಒಂದೇ ಸಲಕ್ಕೆ ಬಿಗಿ ಮಾಡಬೇಡಿ, ಇದ್ದದ್ದೆಲ್ಲ ಹೊರಗೆ ಹಿಂಡಿ ಬಂದುಬಿಡುತ್ತದೆ. ಅರ್ಧ ಬಿಗಿದು, ಎರಡು ದಿನ ಬಿಸಿಲಲ್ಲಿ ಬಿಟ್ಟು, ಮತ್ತೆ ಬಿಗಿದು, ಹೊರಗೆ ಬಂದದ್ದನ್ನು ಪ್ಲಾಸ್ಟಿಕ್ ಚಾಕುವಿನಿಂದ ಕತ್ತರಿಸಿ.

ನೀರು ಆಗಲೇ ಒಳಗಿಳಿದು ನೆಲ ಮೆತ್ತಗಾಗಿದ್ದರೆ? ಮರ ಗಟ್ಟಿ ಮಾಡುವ ಎಪಾಕ್ಸಿ ಸುರಿಯುವುದು ಒಂದು ದಾರಿ, ಕೊಳೆತದ್ದನ್ನು ಕತ್ತರಿಸಿ ಹೊಸ ಪ್ಲೈವುಡ್ ಹಾಕುವುದು ಇನ್ನೊಂದು. ಕಾಲಿಡುವ ನೆಲಕ್ಕೆ ಎಪಾಕ್ಸಿ ಒಗ್ಗಲಿಲ್ಲ. ಸುರಿದ ಜಾಗವೇನೋ ಕಲ್ಲಾಗುತ್ತದೆ, ಅದರ ಅಂಚಿನ ಅರೆಕೊಳೆತ ಮರ ಹಾಗೇ ಕುಸಿಯುತ್ತಾ ಹೋಗುತ್ತದೆ. ಸರ್ಕ್ಯುಲರ್ ಗರಗಸದ ಆಳವನ್ನು ಹಲಗೆಯ ದಪ್ಪಕ್ಕಷ್ಟೇ ಹೊಂದಿಸಿ, ಕೆಳಗೆ ವೈರು, ಪೈಪು ಎಲ್ಲಿವೆ ನೋಡಿಕೊಂಡು, ಗಟ್ಟಿ ಮರ ಸಿಗುವವರೆಗೆ ಕತ್ತರಿಸಬೇಕು. ಎಲ್ಲಿವರೆಗೆ ಅನ್ನುವುದನ್ನು ಎರಡು ಮುಳ್ಳಿನ ತೇವದ ಮೀಟರ್ ಹೇಳುತ್ತದೆ. ಮರದ ತೇವ 20 ಶೇಕಡಾಕ್ಕಿಂತ ಕೆಳಗಿದ್ದರೆ ಕೊಳೆಸುವ ಬೂಸು ಬೆಳೆಯುವುದಿಲ್ಲ. ನಾನು 15ಕ್ಕಿಂತ ಕೆಳಗೆ ಬರುವ ತನಕ ಬಿಡುವುದಿಲ್ಲ. ಎಪಾಕ್ಸಿಯನ್ನು ಸಡಿಲಾದ ಸ್ಕ್ರೂ ರಂಧ್ರಕ್ಕೆ ಇಟ್ಟುಕೊಳ್ಳಿ, ಅಲ್ಲಿ ಬಹಳ ಉಪಯೋಗ.

ಇನ್ನು ಬ್ಯಾಟರಿ. ಅದಕ್ಕೂ ಮುಂಚೆ ಬಲ್ಬು ಬದಲಿಸಿ. ಹಳೆ 921 ನಂಬರಿನ ಬಲ್ಬು ಒಂದೊಂದೂ ಸುಮಾರು 1.4 ಆಂಪಿಯರ್ ಎಳೆಯುತ್ತದೆ, ಎಲ್‌ಇಡಿ ಅದರ ಆರನೇ ಒಂದು ಭಾಗವೋ ಏನೋ. ಇದಕ್ಕಿಂತ ಅಗ್ಗದ ಸುಧಾರಣೆ ಟ್ರೇಲರಿನಲ್ಲಿ ಇಲ್ಲ.

ಮೊದಲು ನಾವು ಬಳಸಿದ್ದು ಗಾಲ್ಫ್ ಗಾಡಿಯ 6 ವೋಲ್ಟಿನ ಎರಡು ಲೆಡ್ ಆಸಿಡ್ ಬ್ಯಾಟರಿ, ಸರಣಿಯಲ್ಲಿ ಜೋಡಿಸಿ 12 ವೋಲ್ಟ್. ಜೋಡಿಗೆ ಸುಮಾರು 220 ಆಂಪಿಯರ್ ಅವರ್. ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು. ಒಂದೊಂದೂ ಸುಮಾರು 28 ಕೆಜಿ, ಅಷ್ಟೂ ಭಾರ ಗಾಡಿಯ ಮೂತಿಯ ಮೇಲೆ. ನೀರು ಹಾಕುತ್ತಿರಬೇಕು, ಹೈಡ್ರೋಜನ್ ಬಿಡುತ್ತದೆ, ಹಾಗಾಗಿ ಗಾಳಿಯಾಡುವ ಪೆಟ್ಟಿಗೆಯಲ್ಲಿ ಹೊರಗೇ ಇರಬೇಕು. ಇಷ್ಟಾದರೂ ಗಟ್ಟಿ ಆಸಾಮಿಗಳು. ಚಳಿಯಲ್ಲೂ ಚಾರ್ಜ್ ಆಗುತ್ತವೆ, ಹೊರಗಿನ ಕರೆಂಟಿನಿಂದ ಬ್ಯಾಟರಿ ತುಂಬುವ ಹಳೆ ಕನ್ವರ್ಟರ್ ಜೊತೆಗೇ ಹೊಂದಿಕೊಳ್ಳುತ್ತವೆ. ಎಜಿಎಂ ಅನ್ನುವ, ಪೂರ್ತಿ ಮುಚ್ಚಿದ ಲೆಡ್ ಆಸಿಡ್ ಬ್ಯಾಟರಿಯನ್ನು ಗೆಳೆಯರ ಗಾಡಿಯಲ್ಲಿ ಬಳಸಿ ನೋಡಿದೆ. ನೀರು ಹಾಕುವ ತಾಪತ್ರಯವಿಲ್ಲ ಅನ್ನುವುದು ಬಿಟ್ಟರೆ, ಅದೇ ಭಾರಕ್ಕೆ ಜಾಸ್ತಿ ದುಡ್ಡು. ನನಗೆ ಹಿಡಿಸಲಿಲ್ಲ.

ಈಗ ಇರುವುದು 100 ಆಂಪಿಯರ್ ಅವರಿನ ಲಿಥಿಯಂ ಐರನ್ ಫಾಸ್ಫೇಟ್, ಸುಮಾರು 12 ಕೆಜಿ. ನೂರರಲ್ಲಿ 80, 90ರವರೆಗೂ ಧೈರ್ಯವಾಗಿ ಬಳಸಬಹುದು. ವ್ಯತ್ಯಾಸ ಗೊತ್ತಾದದ್ದು ಚಟ್ನಿ ರುಬ್ಬುವಾಗ. 550 ವಾಟಿನ ಮಿಕ್ಸಿ ಇನ್‌ವರ್ಟರಿನ ಮೇಲೆ ಓಡಿದರೆ ಬ್ಯಾಟರಿಯಿಂದ ಹತ್ತಿರ ಹತ್ತಿರ 50 ಆಂಪಿಯರ್ ಬೇಕು. ಲೆಡ್ ಆಸಿಡ್ ಅರ್ಧಕ್ಕೆ ಬಂದಿದ್ದ ಬೆಳಿಗ್ಗೆ ಮಿಕ್ಸಿ ಒತ್ತಿದರೆ ವೋಲ್ಟೇಜ್ ಕುಸಿದು ಇನ್‌ವರ್ಟರ್ ಕೂಗಲು ಶುರು. ಕಾಯಿ ತರಿತರಿಯಾಗಿಯೇ ಉಳಿಯುತ್ತಿತ್ತು. ಲಿಥಿಯಂನಲ್ಲಿ ಮಿಕ್ಸಿಯ ಸದ್ದೇ ಬದಲಾಗುವುದಿಲ್ಲ, ಚಟ್ನಿ ನುಣ್ಣಗಾಗುತ್ತದೆ. ಕಾಡಿನ ನಡುವೆ ದೋಸೆಗೆ ಸರಿಯಾದ ಚಟ್ನಿ ಸಿಗುವುದು ನಮ್ಮ ಮನೆಯಲ್ಲಿ ಸಣ್ಣ ವಿಷಯವಲ್ಲ.

ಲಿಥಿಯಂನ ಖರ್ಚು ಬ್ಯಾಟರಿಗೇ ಮುಗಿಯುವುದಿಲ್ಲ. ಹಳೆ ಕನ್ವರ್ಟರ್ 13.6 ವೋಲ್ಟ್ ಕೊಡುತ್ತದೆ. ಇದು ಸರಿಯಾಗಿ ತುಂಬಲು 14.2ರಿಂದ 14.6 ಬೇಕು, ಆದ್ದರಿಂದ ಕನ್ವರ್ಟರನ್ನೂ ಬದಲಿಸಬೇಕಾಯಿತು. ಇನ್ನೊಂದು ಮುಖ್ಯ ಮಾತು. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಗೆ ಚಾರ್ಜ್ ಕೊಟ್ಟರೆ ಒಳಗೆ ಲಿಥಿಯಂ ಲೋಹ ಕೂತು ಅದು ಶಾಶ್ವತವಾಗಿ ಹಾಳಾಗುತ್ತದೆ. ಚಳಿಯಲ್ಲಿ ಚಾರ್ಜ್ ತಾನಾಗಿ ನಿಲ್ಲಿಸುವ ವ್ಯವಸ್ಥೆ ಇದೆಯೇ ಎಂದು ನೋಡಿಯೇ ಕೊಳ್ಳಿ. ನವೆಂಬರಿನಲ್ಲಿ ನಾನು ಅದನ್ನು ಬಿಚ್ಚಿ ಅರ್ಧ ಚಾರ್ಜಿನಲ್ಲಿ ಮನೆಯೊಳಗೆ ಇಡುತ್ತೇನೆ. 12 ಕೆಜಿ ಆದ್ದರಿಂದ ಒಂದೇ ಕೈಗೆ ಬರುತ್ತದೆ. ವರ್ಷಕ್ಕೆ ನಾಲ್ಕು ರಾತ್ರಿ, ಅದೂ ಕರೆಂಟ್ ಇರುವ ಕ್ಯಾಂಪಿನಲ್ಲಿ ಮಾತ್ರ ಉಳಿಯುವವರು ಲೆಡ್ ಆಸಿಡ್‌ನಲ್ಲೇ ಇರಲಿ, ದುಡ್ಡು ಉಳಿಯುತ್ತದೆ.

ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಪೈಪು ಒಡೆಯದಂತೆ ಅದನ್ನು ಖಾಲಿ ಮಾಡುವುದರಲ್ಲಿ ಕಂಪ್ರೆಸರ್ ಗಾಳಿಯೋ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ ಆಂಟಿಫ್ರೀಜೋ ಅನ್ನುವ ವಾದ ಇದ್ದೇ ಇದೆ. ಗಾಳಿ ಬೇಗ, ಆದರೆ ಪಂಪಿನೊಳಗೆ, ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ನೀರು ಉಳಿಯುತ್ತದೆ. ಓಹಾಯೊದ ಚಳಿಗೆ ನನ್ನ ಓಟು ಗುಲಾಬಿಗೆ. ನೀರು ಕಾಯಿಸುವ ಟ್ಯಾಂಕ್ ಖಾಲಿ ಮಾಡಿ ಬೈಪಾಸ್ ವಾಲ್ವ್ ತಿರುಗಿಸಿ, ಇಲ್ಲದಿದ್ದರೆ ಅದೊಂದೇ ಆರು ಗ್ಯಾಲನ್ ನುಂಗುತ್ತದೆ. ಕಾರಿನ ರೇಡಿಯೇಟರಿಗೆ ಹಾಕುವ ಆಂಟಿಫ್ರೀಜ್ ವಿಷ, ಕುಡಿಯುವ ನೀರಿನ ಪೈಪಿಗೆ ಅದನ್ನು ಎಂದೂ ಹಾಕಬಾರದು.

ಕೊನೆಗೆ ಚಕ್ರದ ಬೇರಿಂಗಿಗೆ ಗ್ರೀಸ್ ತುಂಬುವುದು. ಇದು ಜೀವಕ್ಕೇ ಸಂಬಂಧಿಸಿದ್ದು. ಇಝೀ ಲ್ಯೂಬ್ ಅನ್ನುವ ಬಗೆಯ ಆಕ್ಸಲ್ಲಿನಲ್ಲಿ ತುದಿಯ ರಬ್ಬರ್ ಮುಚ್ಚಳ ತೆಗೆದು ಗ್ರೀಸ್ ಗನ್ ಹಿಡಿದು ಒತ್ತಿದರೆ, ಹೊಸ ಗ್ರೀಸ್ ಹಿಂದಿನ ಬೇರಿಂಗ್ ಹೊಕ್ಕು ಮುಂದಿನದರಿಂದ ಹೊರಗೆ ಬರುತ್ತದೆ. ಕೈಯೂ ಹೊಲಸಾಗುವುದಿಲ್ಲ. ಚಕ್ರ ಎತ್ತಿ, ತಿರುಗಿಸುತ್ತಾ, ನಿಧಾನವಾಗಿ ಒತ್ತಬೇಕು. ಅವಸರ ಮಾಡಿದರೆ ಹಿಂದಿನ ಸೀಲ್ ಒಡೆದು ಗ್ರೀಸೆಲ್ಲ ಬ್ರೇಕ್ ಶೂ ಮೇಲೆ. ಒಂದು ವರ್ಕ್‌ಶಾಪಿನಿಂದ ಬಂದ ಮೇಲೆ ನಮ್ಮ ಎಡ ಚಕ್ರ ಹೀಗೇ ಆಗಿತ್ತು.

ನನಗೆ ಕೈಯಿಂದ ತುಂಬುವುದೇ ಸರಿ ಅನ್ನಿಸುತ್ತದೆ. ಕಾರಣ, ಆಗ ಬೇರಿಂಗನ್ನು ಕಣ್ಣಾರೆ ನೋಡಬಹುದು. ಜ್ಯಾಕ್ ಚಾಸಿಗೆ ಕೊಡಿ, ಆಕ್ಸಲ್ ಕೊಳವೆಗೆ ಬೇಡ. ಹಬ್ (ಚಕ್ರ ಕೂರುವ, ಬೇರಿಂಗ್ ಇರುವ ನಡುಭಾಗ) ಬಿಚ್ಚಿ, ಹಳೆ ಗ್ರೀಸ್ ತೊಳೆದು, ಉರುಳೆಗಳನ್ನು ಬೆಳಕಿಗೆ ಹಿಡಿಯಿರಿ. ನೀಲಿ ಛಾಯೆ ಇದ್ದರೆ ಕಾದಿದೆ ಎಂದರ್ಥ. ಚುಕ್ಕೆ ಚುಕ್ಕೆ ಗುಳಿ ಇದ್ದರೆ ಹಬ್ಬಿನೊಳಗೆ ಕೂತ ರೇಸ್ (ಉರುಳೆಗಳು ಓಡುವ ಉಕ್ಕಿನ ಬಳೆ) ಸಮೇತ ಬದಲಿಸಿ. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಅಗಲ ಅಂಚನ್ನು ಅದರಲ್ಲಿ ಒತ್ತುತ್ತಾ ಹೋದರೆ, ಉರುಳೆಗಳ ನಡುವಿನಿಂದ ಮೇಲೆ ಸಣ್ಣ ಹುಳುಗಳಂತೆ ಗ್ರೀಸ್ ಎದ್ದು ಬರುತ್ತದೆ. ಸುತ್ತಲೂ ಹಾಗೆ ಬಂದರೆ ತುಂಬಿತು. ಹೊಸ ಸೀಲ್, ಕೊನೆಗೆ ನಟ್ಟು ಕಳಚದಂತೆ ತಡೆಯುವ ಹೊಸ ಕಾಟರ್ ಪಿನ್ ಹಾಕಿ. ನಟ್ಟನ್ನು ಹಬ್ ತಿರುಗಿಸುತ್ತಾ ಬಿಗಿದು, ಪೂರ್ತಿ ಸಡಿಲಿಸಿ, ಬೆರಳಲ್ಲಿ ಎಷ್ಟು ಬಿಗಿಯುತ್ತದೋ ಅಷ್ಟೇ ಬಿಡಿ. ವರ್ಷಕ್ಕೊಮ್ಮೆ ಅಥವಾ 12,000 ಮೈಲಿಗೊಮ್ಮೆ, ಯಾವುದು ಮೊದಲೋ ಆಗ.

ಆಮೇಲಿನ ಮೊದಲ ಪ್ರಯಾಣದಲ್ಲಿ ಇಪ್ಪತ್ತು ಮೈಲಿ ಹೋಗಿ ಗಾಡಿ ನಿಲ್ಲಿಸಿ, ಎಲ್ಲ ಹಬ್‌ಗಳ ಹತ್ತಿರ ಕೈ ಹಿಡಿದು ನೋಡಿ, ಇಲ್ಲವೇ ಇನ್‌ಫ್ರಾರೆಡ್ ಥರ್ಮಾಮೀಟರ್ ತೋರಿಸಿ. ಎಲ್ಲ ಒಂದೇ ಸಮ ಬೆಚ್ಚಗಿದ್ದರೆ ಹೊರಡಿ. ಒಂದು ಮಾತ್ರ ಬೇರೆಯದಕ್ಕಿಂತ ಜಾಸ್ತಿ ಸುಡುತ್ತಿದ್ದರೆ ನಟ್ಟು ಬಿಗಿ ಜಾಸ್ತಿಯಾಗಿರಬಹುದು, ಬ್ರೇಕ್ ಹಿಡಿದಿರಬಹುದು. ಅಲ್ಲೇ ಬಿಚ್ಚಿ ನೋಡಿ.