ಬಾದಾಮಿಯ ಗುಡ್ಡಗಳಲ್ಲಿ ಐದು ವರ್ಷ: ಒಂದು ದಿಕ್ಸೂಚಿಯ ಬಗ್ಗೆ ಬಳಕೆದಾರನ ಮಾತು

ಬಾದಾಮಿಯ ಮೇಣಬಸದಿಗಳಿಗೆ ಹೋಗುವವರು ಯಾರೂ ದಾರಿ ತಪ್ಪುವುದಿಲ್ಲ, ಮೆಟ್ಟಿಲುಗಳೇ ಕರೆದೊಯ್ಯುತ್ತವೆ. ಆದರೆ ಗುಡ್ಡದ ನೆತ್ತಿಗೆ ಏರಿ ಸಿಡಿಲಫಡಿಯ ಕಡೆಗೋ ಮಹಾಕೂಟದ ಕಡೆಗೋ ಹೊರಟರೆ ಮಾತು ಬೇರೆ. ಅಲ್ಲೊಂದು ಇಲ್ಲೊಂದು ಮಾಸಿದ ಬಾಣದ ಗುರುತು ಸಿಕ್ಕರೆ ಸಿಕ್ಕಿತು. ಬಂಡೆಯ ಮೇಲೆ ಹೆಜ್ಜೆ ಮೂಡುವುದಿಲ್ಲ. ಮಣ್ಣು ಸಿಕ್ಕ ಕಡೆ ಒಂದಲ್ಲ, ಐದಾರು ಕಾಲುದಾರಿಗಳು. ಅವುಗಳಲ್ಲಿ ಹೆಚ್ಚಿನವನ್ನು ಮಾಡಿದ್ದು ಮೇಕೆಗಳು. ಮೇಕೆಯ ದಾರಿ ಮೇವಿನತ್ತ ಹೋಗುತ್ತದೆಯೇ ಹೊರತು ನಾವು ಹೋಗಬೇಕಾದ ಊರಿನತ್ತ ಅಲ್ಲ.

2020ರ ಡಿಸೆಂಬರ್‌ನಿಂದ ಈ ಗುಡ್ಡಗಳಲ್ಲಿ ನನ್ನ ಕೊರಳಿನಲ್ಲಿ ತೂಗುತ್ತಿರುವುದು ಒಂದು ಸಾದಾ ದಿಕ್ಸೂಚಿ. ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ತಿರುಗುವ ಡಯಲ್, ಡಯಲ್‌ನೊಳಗೆ ದ್ರವದಲ್ಲಿ ತೇಲುವ ಮುಳ್ಳು, ಅಂಚಿನಲ್ಲಿ ಸೆಂಟಿಮೀಟರ್ ಗುರುತು. ಇಷ್ಟೇ. ಕೊಟ್ಟ ಬೆಲೆ 1,600 ರೂಪಾಯಿ. ಬಾಗಲಕೋಟೆಯಿಂದ ಭಾನುವಾರದ ಮೊದಲ ಬಸ್ ಹಿಡಿದು ಹೋಗಿ ಈವರೆಗೆ ಎಪ್ಪತ್ತಕ್ಕೂ ಹೆಚ್ಚು ಸಲ ಇದನ್ನು ಹಿಡಿದು ನಡೆದಿದ್ದೇನೆ. ಕಂಪನಿಯ ಹೆಸರು ಬರೆಯುತ್ತಿಲ್ಲ, ಏಕೆಂದರೆ ಇಲ್ಲಿ ಹೇಳುವುದು ಈ ಬಗೆಯ ಎಲ್ಲ ದಿಕ್ಸೂಚಿಗಳಿಗೂ ಅನ್ವಯಿಸುತ್ತದೆ. ಕಳೆದುಹೋದರೆ ಮರುದಿನವೇ ಇಂಥದ್ದೇ ಇನ್ನೊಂದನ್ನು ಕೊಳ್ಳುತ್ತೇನೆ.

ಇದು ನನ್ನ ಎರಡನೆಯ ದಿಕ್ಸೂಚಿ. ಮೊದಲನೆಯದನ್ನು ಯುರೋಪಿನ ಉತ್ತರ ಭಾಗದಲ್ಲಿ ಕೆಲಸಕ್ಕಿದ್ದ ಗೆಳೆಯ ಅಲ್ಲಿಯೇ ಕೊಂಡು ತಂದುಕೊಟ್ಟಿದ್ದ. ನೋಡಲು ಇದಕ್ಕಿಂತ ಅಂದವಾಗಿತ್ತು. ಆದರೆ ಅಂಗೈ ಮೇಲೆ ಸಮನಾಗಿ ಹಿಡಿದಾಗಲೂ ಮುಳ್ಳಿನ ದಕ್ಷಿಣದ ತುದಿ ಕೆಳಕ್ಕೆ ಬಾಗಿ ತಳಕ್ಕೆ ಉಜ್ಜುತ್ತಿತ್ತು. ಒಮ್ಮೊಮ್ಮೆ ಹತ್ತು ಡಿಗ್ರಿ ಆಚೆಗೇ ಅಂಟಿಕೊಂಡು ನಿಲ್ಲುತ್ತಿತ್ತು. ಕೆಟ್ಟಿದೆ ಎಂದುಕೊಂಡಿದ್ದೆ. ಕೆಟ್ಟಿರಲಿಲ್ಲ. ಭೂಮಿಯ ಕಾಂತಕ್ಷೇತ್ರ ಎಲ್ಲ ಕಡೆಯೂ ನೆಲಕ್ಕೆ ಸಮಾನಾಂತರವಾಗಿರುವುದಿಲ್ಲ. ಉತ್ತರ ಯುರೋಪಿನಲ್ಲಿ ಅದು ಎಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಕಡಿದಾಗಿ ನೆಲದೊಳಕ್ಕೆ ಇಳಿಯುತ್ತದೆ, ಮುಳ್ಳಿನ ಉತ್ತರದ ತುದಿಯನ್ನು ಕೆಳಗೆ ಸೆಳೆಯುತ್ತದೆ. ಅದನ್ನು ಸರಿದೂಗಿಸಲು ತಯಾರಕರು ದಕ್ಷಿಣದ ತುದಿಗೆ ಒಂದಿಷ್ಟು ಭಾರ ಸೇರಿಸುತ್ತಾರೆ. ನಮ್ಮಲ್ಲಿ ಆ ಇಳಿಜಾರು ಇಪ್ಪತ್ತು ಡಿಗ್ರಿಯಷ್ಟು ಮಾತ್ರ. ಈ ಇಳಿಜಾರು ಸೊನ್ನೆಯಾಗುವ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. 1963ರಲ್ಲಿ ದೇಶದ ಮೊದಲ ರಾಕೆಟ್ ಹಾರಿಸಲು ಕೇರಳದ ತುಂಬಾ ಎಂಬ ಊರನ್ನು ಆರಿಸಿದ್ದೂ ಆ ರೇಖೆಗೆ ಹತ್ತಿರ ಎಂಬ ಕಾರಣಕ್ಕೆ. ಉತ್ತರ ಯುರೋಪಿನ ಲೆಕ್ಕಕ್ಕೆ ತೂಗಿಸಿದ ಮುಳ್ಳು ಇಲ್ಲಿ ಸಮನಾಗಿ ನಿಲ್ಲುವುದಾದರೂ ಹೇಗೆ?

ಹಾಗಾಗಿ ಕೊಳ್ಳುವ ಮುನ್ನ ಇದೊಂದನ್ನು ತಪ್ಪದೆ ನೋಡಿ. ಭಾರತದ ವಲಯಕ್ಕೆ ಹೊಂದಿಸಿದ್ದೋ, ಎಲ್ಲ ವಲಯಗಳಿಗೂ ಹೊಂದುವ ಮುಳ್ಳಿನದೋ ಎಂದು ಕೇಳಿ. ಅಂಗಡಿಯಲ್ಲೇ ಅಂಗೈ ಮೇಲಿಟ್ಟು ನೀವು ಒಂದು ಸುತ್ತು ತಿರುಗಿ. ಮುಳ್ಳು ಎಲ್ಲೂ ತಡವರಿಸದೆ ಉತ್ತರ ಹಿಡಿದು ನಿಂತಿರಬೇಕು.

ಮೊಬೈಲ್ ಇರುವಾಗ ಇದೆಲ್ಲ ಏಕೆ ಎಂದು ಮನೆಯಲ್ಲೂ ಕೇಳುತ್ತಾರೆ. ಮೊಬೈಲನ್ನೂ ಒಯ್ಯುತ್ತೇನೆ, ಅದರಲ್ಲಿ ಇಂಟರ್‌ನೆಟ್ ಇಲ್ಲದೆಯೂ ತೆರೆಯುವ ನಕ್ಷೆಯೂ ಇದೆ. ಬಯಲಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಬಾದಾಮಿಯ ಮರಳುಗಲ್ಲು ಸೀಳಿ ಸೀಳಿ ನಿಂತಿರುವಂಥದ್ದು. ಎರಡು ಆಳು ಅಗಲದ ಸಂದು, ಎರಡೂ ಕಡೆ ಮನೆಗಿಂತ ಎತ್ತರದ ಗೋಡೆ. ಅಲ್ಲಿ ಉಪಗ್ರಹದ ಸಂಕೇತ ನೇರವಾಗಿ ಬಾರದೆ ಗೋಡೆಗೆ ಬಡಿದು ಬರುತ್ತದೆ. ಎರಡನೆಯ ವರ್ಷದ ಏಪ್ರಿಲ್‌ನಲ್ಲಿ ಸಿಡಿಲಫಡಿಯಿಂದ ಮರಳುವಾಗ ಇಂಥ ಒಂದು ಸಂದಿನಲ್ಲಿ ನಿಂತಿದ್ದೆ. ಪರದೆಯ ಮೇಲಿನ ನೀಲಿ ಚುಕ್ಕೆ ನಾನು ನಿಂತಲ್ಲೇ ನಿಂತಿದ್ದರೂ ಒಮ್ಮೆ ಬಂಡೆಯ ಆಚೆ, ಒಮ್ಮೆ ಈಚೆ ಹಾರುತ್ತಿತ್ತು. ಸ್ವಲ್ಪ ಹೊತ್ತಿಗೆ ಬಿಸಿಲಿಗೆ ಕಾದು ಮೊಬೈಲೇ ಆರಿಹೋಯಿತು. ಸುತ್ತ ಒಂದೇ ಅಚ್ಚಿನಲ್ಲಿ ತೆಗೆದಂತಿರುವ ಕೆಂಪು ಗುಂಡುಬಂಡೆಗಳು, ಬಾಟಲಿಯಲ್ಲಿ ಅರ್ಧ ಲೀಟರ್ ನೀರು. ನಿಜವಾಗಿ ಹೆದರಿದ್ದೆ.

ಬರುವಾಗ ಹಿಡಿದ ದಿಕ್ಕು ಡಯಲ್ ಮೇಲೆ ಹಾಗೆಯೇ ಇತ್ತು. ಮರಳಲು ಅದಕ್ಕೆ 180 ಡಿಗ್ರಿ ಕೂಡಿಸಿದರೆ ಸಾಕು. ಅಥವಾ ಡಯಲ್ ಮುಟ್ಟದೆ, ಉತ್ತರ ತೋರುವ ಮುಳ್ಳಿನ ಕೆಂಪು ತುದಿಯ ಬದಲು ಬಿಳಿ ತುದಿಯನ್ನು ಡಯಲ್‌ನೊಳಗಿನ ಉತ್ತರದ ಗುರುತಿನೊಳಗೆ ಕೂರಿಸಿದರೂ ಆಯಿತು. ಹಾಗೆ ಮಾಡಿ ನಡೆದೆ. ಇನ್ನೂರು ಹೆಜ್ಜೆಗೆ ಎದುರಿಗೆ ದಾಟಲಾಗದ ಸೀಳು. ಬಲಕ್ಕೆ ನೇರ ತೊಂಬತ್ತು ಡಿಗ್ರಿ ತಿರುಗಿ 120 ಹೆಜ್ಜೆ, ಸೀಳು ಮುಗಿಯುವವರೆಗೆ ಮತ್ತೆ ಮುಂದಕ್ಕೆ, ಆಮೇಲೆ ಎಡಕ್ಕೆ ಅದೇ 120 ಹೆಜ್ಜೆ. ಹೆಜ್ಜೆಯ ಲೆಕ್ಕ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದೆ. ಹೀಗೆ ಸುತ್ತಿ ಬಂದರೆ ಹಳೆಯ ಗೆರೆಗೇ ಮರಳಿದಂತಾಗುತ್ತದೆ. ಮುಕ್ಕಾಲು ಗಂಟೆಯಲ್ಲಿ ಕೆಳಗೆ ಅಗಸ್ತ್ಯ ತೀರ್ಥದ ಹಸಿರು ನೀರು, ಅದರಾಚೆ ಭೂತನಾಥನ ಗುಡಿ ಕಂಡಾಗ ನನಗೆ ಆದ ಸಮಾಧಾನವನ್ನು ಹೇಳಲಾರೆ.

ಒಂದು ಕಿವಿಮಾತು: ದಾರಿ ತಪ್ಪಿದ ಮೇಲೆ ತೆಗೆದರೆ ದಿಕ್ಸೂಚಿ ಉತ್ತರ ಯಾವುದು ಎಂದು ಹೇಳುತ್ತದೆ, ನೀವು ಎಲ್ಲಿದ್ದೀರಿ ಎಂದು ಹೇಳುವುದಿಲ್ಲ. ಗುಡ್ಡದ ಬುಡದಲ್ಲೇ, ಎಲ್ಲಿದ್ದೇನೆ ಎಂದು ಖಚಿತವಾಗಿ ಗೊತ್ತಿರುವಾಗಲೇ, ದಿಕ್ಕು ಹಿಡಿಯಬೇಕು. ನಾನು ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆಯ ಮುದ್ರಿತ ಪ್ರತಿ ಬಳಸುತ್ತೇನೆ. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ತಟ್ಟೆಯ ಅಂಚನ್ನು ಹೊರಡುವ ಜಾಗದಿಂದ ಸೇರುವ ಜಾಗಕ್ಕೆ ಇಡುವುದು, ಡಯಲ್‌ನೊಳಗಿನ ಗೆರೆಗಳನ್ನು ನಕ್ಷೆಯ ಉತ್ತರಕ್ಕೆ ಹೊಂದಿಸುವುದು, ಆಮೇಲೆ ಮುಳ್ಳು ಗುರುತಿನೊಳಗೆ ಕೂರುವವರೆಗೆ ನಾವೇ ತಿರುಗುವುದು. ಅಲಾಸ್ಕದಂಥ ಕಡೆ ನಿಜವಾದ ಉತ್ತರಕ್ಕೂ ಮುಳ್ಳಿನ ಉತ್ತರಕ್ಕೂ ಹದಿನೈದು ಡಿಗ್ರಿಯಷ್ಟು ಅಂತರ ಇರುತ್ತದೆ. ನಮ್ಮ ಜಿಲ್ಲೆಗಳಲ್ಲಿ ಸುಮಾರು ಒಂದು ಡಿಗ್ರಿ. ಬಾದಾಮಿಯಿಂದ ಮಹಾಕೂಟದವರೆಗಿನ ದೂರಕ್ಕೆ ಅದು ನೂರು ಮೀಟರ್ ತಪ್ಪನ್ನೂ ತರುವುದಿಲ್ಲ. ನಾನು ತಿದ್ದುವ ಗೋಜಿಗೆ ಹೋಗುವುದಿಲ್ಲ.

ಈ ದಿಕ್ಸೂಚಿ ಒಮ್ಮೆ ಮಾತ್ರ ಸುಳ್ಳು ಹೇಳಿದೆ, ಅದೂ ನನ್ನ ತಪ್ಪಿನಿಂದ. ಮೂರನೆಯ ಬೇಸಿಗೆಯಲ್ಲಿ ಇದನ್ನು ಎರಡು ತಿಂಗಳು ಮೊಬೈಲ್ ಇಡುವ ಚೀಲದಲ್ಲೇ ಇಟ್ಟಿದ್ದೆ. ಮೊಬೈಲ್ ಕವಚದ ಮುಚ್ಚಳಕ್ಕೆ ಆಯಸ್ಕಾಂತದ ಗುಂಡಿ ಇತ್ತು. ಜೂನ್‌ನ ಮೊದಲ ನಡಿಗೆಯಲ್ಲಿ ತೆಗೆದರೆ ಬೆಳಗಿನ ಏಳು ಗಂಟೆಯ ಸೂರ್ಯ ಪಶ್ಚಿಮದಲ್ಲಿ ಇದ್ದಂತೆ ತೋರುತ್ತಿತ್ತು! ಮುಳ್ಳಿನ ಧ್ರುವಗಳು ಪೂರ್ತಿ ಅದಲುಬದಲಾಗಿದ್ದವು. ಬೆಳಗಿನ ಹೊತ್ತಾದ್ದರಿಂದ ತಪ್ಪು ಕಣ್ಣಿಗೆ ಬಿತ್ತು. ನಡುಹಗಲಾಗಿದ್ದರೆ ಕಷ್ಟವಿತ್ತು, ಏಕೆಂದರೆ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಮ್ಮ ಅಕ್ಷಾಂಶದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಎಂಬ ಪಾಠ ಆ ಮೂರು ತಿಂಗಳು ಇಲ್ಲಿ ನಡೆಯದು. ಮನೆಗೆ ಬಂದು ಬಲವಾದ ಆಯಸ್ಕಾಂತದ ದಕ್ಷಿಣ ಧ್ರುವವನ್ನು ಮುಳ್ಳಿನ ನಡುವಿನಿಂದ ಕೆಂಪು ತುದಿಯತ್ತ ಗಾಜಿನ ಮೇಲಿಂದಲೇ ಹಲವು ಬಾರಿ ಎಳೆದೆ. ಸರಿಯಾಯಿತು. ಅಂದಿನಿಂದ ದಿಕ್ಸೂಚಿಗೆ ಬೇರೆಯೇ ಚೀಲ, ಮತ್ತು ಹೊರಡುವ ಮುನ್ನ ಸೂರ್ಯನನ್ನು ನೋಡಿ ಒಮ್ಮೆ ತಾಳೆ ಹಾಕುವುದು ರೂಢಿಯಾಗಿದೆ.

ಖಾನಾಪುರದ ಕಡೆಯ ಮಲೆನಾಡಿನ ಅಂಚಿಗೂ ಎರಡು ಸಲ ಒಯ್ದಿದ್ದೇನೆ. ಅಲ್ಲಿ ಇದರಿಂದ ಅರ್ಧ ಪ್ರಯೋಜನ ಮಾತ್ರ. ಇಪ್ಪತ್ತು ಮೀಟರ್ ಆಚೆ ಏನೂ ಕಾಣದ ಕಾಡಿನಲ್ಲಿ ಗುರಿಯಿಡಲು ಬಂಡೆಯಾಗಲಿ ಮರವಾಗಲಿ ಸಿಗುವುದಿಲ್ಲ. ಏಣು ಅಥವಾ ಹಳ್ಳ ಹಿಡಿದು ನಡೆಯುವುದೇ ವಾಸಿ. ಭೀಮಗಡ ವನ್ಯಜೀವಿ ಧಾಮದ ಒಳಕ್ಕೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು, ಉಳಿದದ್ದೆಲ್ಲ ಆಮೇಲೆ.

ಐದು ವರ್ಷದಲ್ಲಿ ಸವೆದದ್ದು ಕಡಿಮೆ. ಅಂಚಿನ ಸೆಂಟಿಮೀಟರ್ ಅಂಕಿಗಳು ಹೆಬ್ಬೆರಳು ತಾಗುವ ಕಡೆ ಅಳಿಸಿವೆ. ಡಯಲ್ ಸಂದಿಗೆ ಮರಳು ಸೇರಿ ಕಿರಿಕಿರಿ ಎನ್ನುತ್ತದೆ, ನೀರಿನಲ್ಲಿ ಅದ್ದಿ ತಿರುಗಿಸಿದರೆ ಬಿಡುತ್ತದೆ. ಚಳಿಗಾಲದ ಬೆಳಿಗ್ಗೆ ದ್ರವದಲ್ಲಿ ಜೋಳದ ಕಾಳಿನಷ್ಟು ಗುಳ್ಳೆ ಕಾಣಿಸಿಕೊಂಡು ಬಿಸಿಲೇರಿದಂತೆ ಮಾಯವಾಗುತ್ತದೆ, ಅದು ದೋಷವಲ್ಲ. ಗುಳ್ಳೆ ದಿನೇ ದಿನೇ ದೊಡ್ಡದಾದರೆ ಮಾತ್ರ ಸೋರಿಕೆ ಎಂದು ತಿಳಿಯಬೇಕು.

ಕಳೆದ ಸೆಪ್ಟೆಂಬರ್‌ನಲ್ಲಿ ಮಹಾಕೂಟಕ್ಕೆ ಹೊರಟಾಗ ಗುಡ್ಡದ ಮೇಲೆ ಒಬ್ಬ ಹಿರಿಯ ಕುರಿಗಾಹಿ ಸಿಕ್ಕರು. ದಿಕ್ಸೂಚಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಮಹಾಕೂಟ ಎಲ್ಲಿ ಎಂದು ಕೇಳಿದೆ. ತಲೆ ಎತ್ತದೆಯೇ ಕೋಲು ಚಾಚಿದರು: ಪೂರ್ವಕ್ಕೆ, ತುಸು ಉತ್ತರಕ್ಕೆ ವಾಲಿಸಿ. ನನ್ನ ಡಯಲ್ ಕೂಡ ಅದನ್ನೇ ಹೇಳುತ್ತಿತ್ತು. ಆಮೇಲೆ ಕೋಲನ್ನು ನಿಧಾನವಾಗಿ ಬಲಕ್ಕೆ ಸರಿಸಿ, ಎರಡು ದಿನದ ಮಳೆಗೆ ಮುಂದಿನ ಕೊಳ್ಳ ತುಂಬಿದೆ, ಏಣಿನ ಮೇಲಿಂದ ಸುತ್ತಿ ಹೋಗಿ ಎಂದರು. ಅವರು ತೋರಿಸಿದ ಏಣನ್ನೇ ಹಿಡಿದೆ. ಒಂದು ಗಂಟೆ ಹೆಚ್ಚು ಹಿಡಿಯಿತು. ಕೆಳಗೆ ಕೊಳ್ಳದಲ್ಲಿ ಕೆಂಪು ನೀರು ಹರಿಯುವ ಸದ್ದು ದಾರಿಯುದ್ದಕ್ಕೂ ಕೇಳಿಸುತ್ತಿತ್ತು.